ಬಲಕ್ಕೆ ತಿರುಗದ ಹ್ಯಾಂಡಲ್

ಹಬ್ಬದ ನಮಾಜು ಮುಗಿದು ಹುಡುಗರು ಈದ್ಗಾದಿಂದ ಪೇಟೆಗೆ ಬರುವುದರೊಳಗೆ ಎಡಗಡೆಯ ಹ್ಯಾಂಡಲ್ ಕೆಲಸ ಮಾಡಬೇಕಿತ್ತು. ಮಾಡಿದರೆ ಮಷಿನ್ ಅಂಗಡಿಯಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಮರುದಿನ ಗುಜರಿಯವನ ಟೆಂಪೋ ಹತ್ತುತ್ತದೆ. ಭಟ್ಕಳದ ಆ ವಿಡಿಯೊ ಗೇಮ್ ಅಂಗಡಿಯ ಯಜಮಾನರು ನನಗೆ ಹೇಳಿದ್ದು ಇಷ್ಟೇ. ಅದಕ್ಕಿಂತ ಹೆಚ್ಚು ಮಾತಾಡುವ ಜನವೂ ಅವರಲ್ಲ. ಎಲ್ಲರೂ ಅವರನ್ನು ಚಾಚಾ ಅನ್ನುತ್ತಿದ್ದರು, ನಾನೂ ಅನ್ನುತ್ತಿದ್ದೆ.

ಮಷಿನ್ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಕಪಾಟಿನಷ್ಟು ಎತ್ತರ, ಮೇಲೆ ದಪ್ಪ ಗಾಜಿನ ಪರದೆ, ಎದೆಮಟ್ಟದಲ್ಲಿ ಓರೆಯಾದ ಹಲಗೆ. ಆ ಹಲಗೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ಹ್ಯಾಂಡಲ್, ತುದಿಯಲ್ಲಿ ನಿಂಬೆಹಣ್ಣಿನಂಥ ಕೆಂಪು ಗುಂಡು. ಚಾಚಾನ ಅಣ್ಣ ದುಬೈಯಿಂದ ಹಡಗಿನಲ್ಲಿ ಕಳಿಸಿದ್ದು. ಒಬ್ಬನೇ ಆಡುವುದಾದರೆ ಎಡಗಡೆಯ ಹ್ಯಾಂಡಲೇ ಬೇಕು, ಮಷಿನ್ ಬೇರೆಯದನ್ನು ಒಪ್ಪುವುದಿಲ್ಲ. ಹಾಗಾಗಿ ಎಡದ್ದು ಸತ್ತರೆ ಮಷಿನ್ನೇ ಸತ್ತಂತೆ. ಮಳೆಗಾಲ ಮುಗಿಯುವಷ್ಟರಲ್ಲಿ ಅದು ಸತ್ತೂ ಆಗಿತ್ತು. ಬಲಕ್ಕೆ ಒತ್ತಿದರೆ ಪರದೆಯ ಮೇಲಿನ ಆಳು ನಿಂತಲ್ಲೇ ನಿಲ್ಲುತ್ತಿದ್ದ, ವೈರಿ ಬಂದು ಬಾರಿಸಿ ಹೋಗುತ್ತಿದ್ದ.

ನನಗೆ ಆಗ ಹತ್ತೊಂಬತ್ತು. ಹೊನ್ನಾವರದ ಕಾಲೇಜಿನಲ್ಲಿ ಕಾಮರ್ಸ್ ಓದುತ್ತಿದ್ದೆ. ಮನೆ ಶರಾವತಿ ಸೇತುವೆಯ ಈಚೆ ಕಾಸರಕೋಡಿನಲ್ಲಿ, ಅಪ್ಪ ಮೀನುಗಾರಿಕೆಗೆ ಹೋಗುವವರು. ಕರೆಂಟಿನ ಕೆಲಸವನ್ನು ಯಾರೂ ನನಗೆ ಕಲಿಸಿಲ್ಲ. ಹಾಳಾದ ಟಾರ್ಚು, ರೇಡಿಯೋ, ಟೇಪ್ ರೆಕಾರ್ಡರ್ ಬಿಚ್ಚಿ ಬಿಚ್ಚಿ ಬಂದಷ್ಟು ಬಂತು. ಅರ್ಧ ಬಂದದ್ದನ್ನು ಪೂರ್ತಿ ಬಂದಂತೆ ಹೇಳಿಕೊಳ್ಳುವ ಅಭ್ಯಾಸವೂ ಅದರ ಜೊತೆಗೇ ಬಂತು. ರಜೆ ಸಿಕ್ಕಿದರೆ ಸಾಕು, ಭಟ್ಕಳದ ಬಸ್ಸು ಹತ್ತಿ ಆ ಮಷಿನ್ ಮುಂದೆ ನಿಲ್ಲುತ್ತಿದ್ದೆ. ಹ್ಯಾಂಡಲ್ ಹಾಳಾದ ಸುದ್ದಿ ಕೇಳಿದಾಗ, ಇಂಥದ್ದನ್ನು ನಾನು ಮೊದಲೇ ಎರಡು ರಿಪೇರಿ ಮಾಡಿದ್ದೇನೆ ಎಂದು ಚಾಚಾಗೆ ಹೇಳಿದೆ. ಒಂದನ್ನೂ ಮಾಡಿರಲಿಲ್ಲ.

ಅವಸರಕ್ಕೆ ಕಾರಣ ಅವರ ಅಳಿಯ. ಗಲ್ಫಿನಿಂದ ಬಂದವ, ಮಷಿನ್ ಇರುವ ಗೋಡೆಗೆ ಮೂರು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಶುರುಮಾಡಬೇಕು ಎಂದು ಕೂತಿದ್ದ. ಆಡದ ಮಷಿನ್ ಎಂತಕ್ಕೆ ಎಂಬುದು ಅವನ ಪ್ರಶ್ನೆ. ವರ್ಷದಲ್ಲಿ ಅಂಗಡಿ ತುಂಬುವುದು ಹಬ್ಬದ ದಿನವೇ. ಆ ದಿನ ಆಡಿದರೆ ಇರಲಿ, ಆಡದಿದ್ದರೆ ಹೋಗಲಿ ಎಂದು ಇಬ್ಬರಲ್ಲಿ ಮಾತಾಯಿತು.

ಹಲಗೆ ಎತ್ತಿ ನೋಡಿದೆ. ಹಳೆಯ ಹ್ಯಾಂಡಲಿನ ಸುತ್ತ ನಾಲ್ಕು ಕಡೆ ತೆಳ್ಳನೆಯ ತಗಡಿನ ಎಲೆಗಳು, ಜೋಡಿ ಜೋಡಿಯಾಗಿ. ಹ್ಯಾಂಡಲ್ ತಾಗಿದಾಗ ಒಂದೆಲೆ ಇನ್ನೊಂದಕ್ಕೆ ಮುಟ್ಟಿ ಕರೆಂಟು ಹರಿಯುತ್ತದೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಆ ಎಲೆಗಳು ಹಸಿರುಗಟ್ಟಿದ್ದವು. ಸಾಲದ್ದಕ್ಕೆ ಚಾಚಾ ತಿಂಗಳಿಗೊಮ್ಮೆ ತೆಂಗಿನೆಣ್ಣೆ ಬಿಟ್ಟು ಬಿಟ್ಟು ಎಲ್ಲ ಅಂಟಾಗಿತ್ತು. ಉಜ್ಜಿದೆ, ಬಲಗಡೆಯ ಎಲೆ ಮುರಿದು ಕೈಗೇ ಬಂತು. ಇನ್ನು ಹಳೆಯದನ್ನು ನಂಬುವಂತಿರಲಿಲ್ಲ, ವೈರು ಪ್ಲಗ್ ಸಮೇತ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ.

ಹೊಸ ಹ್ಯಾಂಡಲ್ ಮುಂಬೈಯಿಂದ ಬಂತು. ನಮ್ಮೂರಿನಿಂದ ಮೀನು ಒಯ್ಯುವ ಲಾರಿಯ ಡ್ರೈವರಿಗೆ ಚಿತ್ರ ಬರೆದುಕೊಟ್ಟಿದ್ದೆ. ಅವನು ತಂದಾಗ ಪೊಟ್ಟಣಕ್ಕೆ ಬಂಗಡೆ ವಾಸನೆ. ಇದರಲ್ಲಿ ತಗಡಿನ ಎಲೆ ಇಲ್ಲ, ಬೆಂಕಿಪೆಟ್ಟಿಗೆಗಿಂತ ಸಣ್ಣ ಮುಚ್ಚಿದ ಸ್ವಿಚ್ಚುಗಳು, ಒತ್ತಿದರೆ ಟಿಕ್ ಅನ್ನುತ್ತವೆ, ಉಪ್ಪುಗಾಳಿ ಒಳಗೆ ಹೋಗುವುದಿಲ್ಲ. ನಾಲ್ಕಿರಬೇಕಾದಲ್ಲಿ ಮೂರೇ ಇದ್ದವು. ನಾಲ್ಕನೆಯದಕ್ಕೆ ಕುಮಟೆಗೆ ಹೋದೆ. ಅಲ್ಲಿಯ ರೇಡಿಯೋ ರಿಪೇರಿಯವರು ಹಾಳಾದ ಝೆರಾಕ್ಸ್ ಮಷಿನ್ನಿನಿಂದ ಒಂದು ಕಿತ್ತು ಕೊಟ್ಟರು. ವೈರು ಅವರಲ್ಲಿ ಕೆಂಪು ಬಣ್ಣದ್ದು ಮಾತ್ರ ಇತ್ತು. ಕರೆಂಟಿಗೆ ಬಣ್ಣ ಗೊತ್ತಾಗುತ್ತದೆಯೇ ಎಂದುಕೊಂಡು ಎಲ್ಲವನ್ನೂ ಕೆಂಪೇ ತಂದೆ.

ಹಬ್ಬಕ್ಕೆ ಎರಡು ದಿನ ಮುಂಚೆ ನಮ್ಮ ಮನೆಯ ಜಗಲಿಯಲ್ಲಿ ಬೆಸುಗೆ ಹಾಕಿದೆ. ಹಳೆಯ ಹ್ಯಾಂಡಲಿನ ಎಡದ ಎಲೆಗೆ ಪ್ಲಗ್ಗಿನ ಯಾವ ಕಡ್ಡಿಯಿಂದ ವೈರು ಬಂದಿತ್ತೋ ಅಲ್ಲಿಂದಲೇ ಹೊಸದರ ಎಡದ ಸ್ವಿಚ್ಚಿಗೆ ಕೆಂಪು ವೈರು, ಬಲದ್ದು ಬಲಕ್ಕೆ. ಆಮೇಲೆ ರಟ್ಟಿನ ನಾಲ್ಕು ಬದಿಗೆ ನಾಲ್ಕು ಟಾರ್ಚ್ ಬಲ್ಬು ಸಿಕ್ಕಿಸಿ, ಆಯಾ ಬದಿಯ ಸ್ವಿಚ್ಚಿಗೆ ಜೋಡಿಸಿ ಪರೀಕ್ಷೆ ಮಾಡಿದೆ. ಹ್ಯಾಂಡಲ್ ಬಲಕ್ಕೆ ಒತ್ತಿದೆ. ಎಡದ ಬಲ್ಬು ಹೊತ್ತಿತು.

ನನಗೆ ಅನುಮಾನ ಬಂತು. ಬಂದದ್ದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಪಕ್ಕದಲ್ಲಿ ಬಲೆ ಹೆಣೆಯುತ್ತಿದ್ದ ಅಪ್ಪನಿಗೆ ತೋರಿಸಿದೆ. ಅವರು ಹ್ಯಾಂಡಲ್ ಹಿಡಿದು ಆಚೆ ಈಚೆ ಆಡಿಸಿದರು, ಬಲ್ಬು ನೋಡಿದರು.

"ಸರೀನೇ ಅದೆಯಲ್ಲ ತಮಾ," ಎಂದರು. "ಚುಕ್ಕಾಣಿ ಬಲಕ್ಕೆ ಒತ್ತಿದ್ರೆ ದೋಣಿ ಎಡಕ್ಕೇ ಹೋಗ್ತದೆ. ಮತ್ತೆಂತ ಆಗ್ಬೇಕು ನಿಂಗೆ?"

ಹತ್ತು ವರ್ಷದವನಿದ್ದಾಗಿನಿಂದ ಚುಕ್ಕಾಣಿ ಹಿಡಿದ ನನಗೆ ಅದು ಪೂರ್ತಿ ಸರಿ ಅನ್ನಿಸಿತು. ಮೇಲಿನ ತುದಿ ಬಲಕ್ಕೆ ಹೋದರೆ ಕೆಳಗಿನ ಕಾಲು ಎಡಕ್ಕೆ ಹೋಗಲೇಬೇಕು, ಹಳೆಯದೂ ಹೀಗೇ ಇದ್ದಿರಬೇಕು, ಉಳಿದದ್ದನ್ನು ಮಷಿನ್ ನೋಡಿಕೊಳ್ಳುತ್ತದೆ. ಹಳೆಯ ಹ್ಯಾಂಡಲ್ ನನ್ನ ಚೀಲದಲ್ಲೇ ಬಿದ್ದಿತ್ತು. ತೆಗೆದು ಒಮ್ಮೆ ಆಡಿಸಿ ನೋಡಿದ್ದರೆ ಒಂದು ನಿಮಿಷದ ಕೆಲಸ. ನೋಡಲಿಲ್ಲ. ಬದಲಿಗೆ ವೈರುಗಳನ್ನೆಲ್ಲ ಅಳತೆಗೆ ಸರಿಯಾಗಿ ಗಿಡ್ಡ ಕತ್ತರಿಸಿ, ಬಲೆಯ ನೈಲಾನ್ ದಾರದಿಂದ ಹ್ಯಾಂಡಲಿನ ಬುಡದ ತಗಡಿಗೆ ಬಿಗಿಯಾಗಿ ಕಟ್ಟಿದೆ. ಗಂಟು ಚೆನ್ನಾಗಿ ಬಿದ್ದಿದೆ ಎಂದು ಅಪ್ಪ ಹೊಗಳಿದರು.

ಹಬ್ಬದ ಬೆಳಿಗ್ಗೆ ಮೊದಲ ಬಸ್ಸಿಗೆ ಭಟ್ಕಳ ಮುಟ್ಟಿದೆ. ಚಾಚಾ ಹೊಸ ಬಿಳಿ ಬಟ್ಟೆ ಹಾಕಿ ಕಾಯುತ್ತಿದ್ದರು. ಶಟರ್ ಅರ್ಧ ಎತ್ತಿ ನನ್ನನ್ನು ಒಳಗೆ ಬಿಟ್ಟು, ತಾವು ಬರುವುದರೊಳಗೆ ಮುಗಿಸು ಎಂದು ಹೇಳಿ ನಮಾಜಿಗೆ ಹೋದರು. ಅಂಗಡಿಯಲ್ಲಿ ನಾನು ಮತ್ತು ಮಷಿನ್ ಇಬ್ಬರೇ.

ಹ್ಯಾಂಡಲ್ ಕೂರಿಸಿ ನಾಲ್ಕು ಬೋಲ್ಟ್ ಬಿಗಿದೆ, ವೈರಿನ ಪ್ಲಗ್ ಸಿಕ್ಕಿಸಿದೆ, ಸ್ವಿಚ್ ಹಾಕಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ. ನನ್ನ ಬಗ್ಗೆ ನನಗೇ ಬಹಳ ಅಭಿಮಾನ ಬಂತು. ಆಟ ಶುರುಮಾಡಿ ಬಲಕ್ಕೆ ಒತ್ತಿದೆ. ಆಳು ಎಡಕ್ಕೆ ನಡೆದ. ಎಡಕ್ಕೆ ಒತ್ತಿದೆ, ಬಲಕ್ಕೆ ನಡೆದ. ಮೇಲೆ ಒತ್ತಿದರೆ ಕೂತ, ಕೆಳಗೆ ಒತ್ತಿದರೆ ಹಾರಿದ.

ಚೀಲದಿಂದ ಹಳೆಯ ಹ್ಯಾಂಡಲ್ ತೆಗೆದು ನೋಡಿದಾಗ ತಿಳಿಯಿತು. ಅದನ್ನು ಹಿಡಿದಿಟ್ಟದ್ದು ಪಾದದಲ್ಲಿ, ಹಾಗಾಗಿ ಇಡೀ ಕಂಬ ಒತ್ತಿದ ಕಡೆಗೇ ವಾಲಿ ಅದೇ ಬದಿಯ ಎಲೆಯನ್ನು ತಾಗುತ್ತಿತ್ತು. ಹೊಸದನ್ನು ಹಿಡಿದಿಟ್ಟದ್ದು ಸೊಂಟದಲ್ಲಿ, ತುದಿ ಒಂದು ಕಡೆ ಹೋದರೆ ಕಾಲು ಇನ್ನೊಂದು ಕಡೆ. ನಾನು ಮಷಿನ್ನಿಗೆ ಚುಕ್ಕಾಣಿ ಕೂರಿಸಿದ್ದೆ.

ವೈರು ಅದಲು ಬದಲು ಮಾಡಿದರೆ ಸರಿಯಾಗುತ್ತದೆ, ಆದರೆ ಬೆಸುಗೆ ಹಾಕುವ ಕಾವುಗೋಲು ಕಾಸರಕೋಡಿನಲ್ಲಿ. ಎಲ್ಲ ಮನೆಯಲ್ಲೇ ಮುಗಿಸಿದ್ದೇನೆಂಬ ಜಂಬದಿಂದ ತಂದಿರಲಿಲ್ಲ. ಶಟರಿನಡಿ ನುಸುಳಿ ಪೇಟೆಯಲ್ಲಿ ಓಡಿದೆ. ನನಗೆ ಗೊತ್ತಿದ್ದ ಒಂದೇ ಒಂದು ರೇಡಿಯೋ ಅಂಗಡಿಗೆ ಬೀಗ. ಸೈಕಲ್ ಅಂಗಡಿಗೂ ಬೀಗ. ತೆರೆದಿದ್ದ ಚಹಾದ ಅಂಗಡಿಯವನನ್ನು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಹಾ ಬೇಕಾದರೆ ಕುಡಿ ಎಂದ.

ವಾಪಸ್ ಬಂದು ಹಲಗೆ ಎತ್ತಿ ಬ್ಲೇಡ್ ಕೈಗೆ ತೆಗೆದುಕೊಂಡೆ. ವೈರು ಕತ್ತರಿಸಿ ಕೈಯಲ್ಲೇ ಹೊಸೆದು ಟೇಪು ಸುತ್ತಿದರಾಯಿತು. ಆದರೆ ಎಲ್ಲವೂ ಕೆಂಪು. ಒಂದು ಸಲ ಕತ್ತರಿಸಿದರೆ ಯಾವುದು ಎಲ್ಲಿಯದೆಂದು ದೇವರಿಗೂ ಗೊತ್ತಾಗುವುದಿಲ್ಲ, ಅಳತೆಗೆ ಗಿಡ್ಡ ಮಾಡಿದ್ದರಿಂದ ಆಚೆ ಬದಿಗೆ ಮುಟ್ಟುವುದೂ ಇಲ್ಲ. ಬ್ಲೇಡ್ ವೈರಿಗೆ ತಾಗಿಸುತ್ತೇನೆ, ತೆಗೆಯುತ್ತೇನೆ. ಹೊರಗೆ ರಸ್ತೆಯಲ್ಲಿ ಮೊದಲ ಮೋಟಾರ್ ಸೈಕಲ್‌ಗಳ ಸದ್ದು ಕೇಳಿತು. ನಮಾಜು ಮುಗಿದಿತ್ತು.

ಚಾಚಾ ಬಾಗಿ ಒಳಗೆ ಬಂದರು, ಜೊತೆಗೆ ಅತ್ತರಿನ ಘಮ. ಬೆಳಗಿದ್ದ ಪರದೆ ನೋಡಿ ಅವರ ಮುಖ ಅರಳಿತು. ಆಮೇಲೆ ನನ್ನ ಕೈಯ ಬ್ಲೇಡ್ ನೋಡಿದರು.

"ಆತಾ?"

"ಆತು ಚಾಚಾ. ಆದ್ರೆ ಉಲ್ಟಾ ಆತು."

ಒತ್ತಿ ತೋರಿಸಿದೆ. ಅವರೂ ಒಮ್ಮೆ ಒತ್ತಿ ನೋಡಿದರು. ಆಳು ಪರದೆಯ ಎಡ ಅಂಚಿಗೆ ಮುಖ ಹಾಕಿ ನಡೆಯುತ್ತಲೇ ಇದ್ದ.

"ಮೊದ್ಲೇ ಎರಡು ಮಾಡಿದ್ದೆ ಅಂದಿದ್ದೆಯಲ್ಲ ನೀನು," ಎಂದರು.

"ಇಲ್ಲ. ಇದೇ ಮೊದಲ್ನೇದು."

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ, ಅದೇ ಕಷ್ಟವಾಯಿತು. ಅಳಿಯ ಮನೆಗೆ ಹೋಗಿ ಹೆಂಡತಿ ಮಕ್ಕಳನ್ನು ಕಂಡು ನೇರ ಇಲ್ಲಿಗೇ ಬರುತ್ತಾನೆಂದು ಮಾತ್ರ ಹೇಳಿದರು. ಅಷ್ಟರಲ್ಲಿ ಯಾರೋ ಶಟರಿಗೆ ಬಡಿದರು. ಹೊರಗೆ ನಾಲ್ಕೈದು ಹುಡುಗರು ತಮ್ಮ ನವಾಯತಿ ಮಾತಿನಲ್ಲಿ ಗಲಾಟೆ ಮಾಡುತ್ತಿದ್ದರು, ಯಾರು ಮೊದಲು ಆಡುವುದೆಂದು ಆಗಲೇ ಜಗಳ. ಚಾಚಾ ಶಟರ್ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಮತ್ತೆ ಎಂತ ಮಾಡ್ಲಿ ಮಾರಾಯಾ? ಆ ಮಕ್ಕಳಿಗೆ ಮಷಿನ್ ಹಿಂದೆ ಹೋಗಿ ನಿಂತು ಆಡಿ ಅಂತ ಹೇಳ್ಲಾ?"

ಅವರು ಹೇಳಿದ್ದು ಚುಚ್ಚಲಿಕ್ಕೆ. ನಾನು ಮಾತ್ರ ಹಲಗೆಯ ಆಚೆ ಬದಿಗೆ ನಿಂತು ಆಡುವ ಒಬ್ಬನನ್ನು ನಿಜವಾಗಿಯೂ ಕಲ್ಪಿಸಿಕೊಂಡೆ. ಅವನ ಬಲ ನನ್ನ ಎಡ. ಅವನಿಗೆ ಮುಂದಿನದು ನನಗೆ ಹಿಂದಿನದು. ಅವನ ಕೈಗೆ ಈ ಹ್ಯಾಂಡಲ್ ಸರಿಯಾಗಿಯೇ ಇದೆ. ಆಡುವವನನ್ನು ಆಚೆಗೆ ಕಳಿಸುವುದು ಎಂತಕ್ಕೆ, ಹ್ಯಾಂಡಲನ್ನೇ ಅರ್ಧ ಸುತ್ತು ತಿರುಗಿಸಿದರೆ?

ಸ್ವಿಚ್ ಆರಿಸಿ ನಾಲ್ಕು ಬೋಲ್ಟ್ ಬಿಚ್ಚಿದೆ. ಚೌಕದ ತಗಡು, ಯಾವ ಕಡೆ ತಿರುಗಿಸಿದರೂ ತೂತಿಗೆ ತೂತು ಸೇರುತ್ತದೆ. ಆದರೆ ಅರ್ಧ ಸುತ್ತಿಗೆ ವೈರು ಬಿಡಲಿಲ್ಲ. ಅಪ್ಪ ಹೊಗಳಿದ ಗಂಟುಗಳು ಹಿಡಿದು ಕೂತಿದ್ದವು. ಬಲೆಯ ಗಂಟು ಬಿಚ್ಚಲಿಕ್ಕೆ ಬರುವುದಿಲ್ಲ, ಎಳೆದಷ್ಟೂ ಬಿಗಿಯುತ್ತದೆ. ಅದು ನನಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ಚಾಚಾಗೆ ಟಾರ್ಚ್ ಹಿಡಿಯಲು ಹೇಳಿದೆ. ಹೊಸ ಬಟ್ಟೆಯಲ್ಲೇ ಅವರು ನೆಲಕ್ಕೆ ಮೊಣಕಾಲೂರಿದರು. ವೈರಿಗೆ ತಾಗದಂತೆ ಒಂದೊಂದೇ ಗಂಟಿನ ಕೆಳಗೆ ಬ್ಲೇಡ್ ತೂರಿಸಿ ಕೊಯ್ದೆ. ಮೊದಲನೆಯದು, ಎರಡನೆಯದು. ಮೂರನೆಯದರಲ್ಲಿ ನನ್ನ ಹೆಬ್ಬೆರಳನ್ನೂ ಕೊಯ್ದುಕೊಂಡೆ. ರಕ್ತ ಒರೆಸಿಕೊಂಡು ನಾಲ್ಕನೆಯದನ್ನು ಮುಗಿಸಿದಾಗ ವೈರಿನ ಕಟ್ಟು ಬೆರಳಷ್ಟು ಸಡಿಲಾಯಿತು. ಹ್ಯಾಂಡಲ್ ತಿರುಗಿಸಿದೆ. ವೈರು ಗಿಟಾರಿನ ತಂತಿಯಂತೆ ಬಿಗಿಯಾಗಿ ನಿಂತಿತು, ಆದರೆ ಹರಿಯಲಿಲ್ಲ.

ಬೋಲ್ಟ್ ಹಾಕುವಾಗ ಒಂದು ಕೈತಪ್ಪಿ ಮಷಿನ್ನಿನ ಹೊಟ್ಟೆಯೊಳಗೆ ಬಿತ್ತು. ಚಾಚಾ ಹುಡುಕಲು ಕೈ ಹಾಕಿದರು. ಬೇಡ, ಮೂರು ಸಾಕು ಎಂದೆ. ಶಟರ್ ಮೇಲೆ ಈಗ ಬಡಿತ ನಿಲ್ಲುತ್ತಲೇ ಇರಲಿಲ್ಲ. ಹಲಗೆ ಮುಚ್ಚಿ ಸ್ವಿಚ್ ಹಾಕಿದೆ. ಪರದೆ ಬೆಳಗಲು ತೆಗೆದುಕೊಂಡ ಆ ಹೊತ್ತು ಎಷ್ಟೆಂದು ಹೇಳಲಾರೆ.

ಚಾಚಾನೇ ಹ್ಯಾಂಡಲ್ ಹಿಡಿದು ಬಲಕ್ಕೆ ಒತ್ತಿದರು. ಟಿಕ್ ಅಂದಿತು. ಆಳು ಬಲಕ್ಕೆ ನಡೆದ.

ಅವರು ಹೋಗಿ ಶಟರ್ ಎತ್ತಿದರು. ಹುಡುಗರು ನುಗ್ಗಿದರು. ಟಿಕ್ ಟಿಕ್ ಸದ್ದು ಎಂತದು, ಹಳೆಯದರಲ್ಲಿ ಇರಲಿಲ್ಲವಲ್ಲ ಎಂದು ಒಬ್ಬ ತಕರಾರು ತೆಗೆದ, ತೆಗೆಯುತ್ತಲೇ ಮೂರು ಆಟ ಆಡಿದ. ನಾನು ಪಕ್ಕದಲ್ಲಿ ಹೆಬ್ಬೆರಳಿಗೆ ಟೇಪು ಸುತ್ತಿಕೊಂಡು ಹ್ಯಾಂಡಲಿನ ಬುಡವನ್ನೇ ನೋಡುತ್ತಿದ್ದೆ. ಆ ಹುಡುಗರು ಅದನ್ನು ಎಳೆದಾಡುವ ರಭಸಕ್ಕೆ ಮೂರು ಬೋಲ್ಟ್ ತಡೆಯುತ್ತವೆಯೇ?

ಅಳಿಯ ಬಂದಾಗ ಒಳಗೆ ಕಾಲಿಡಲು ಜಾಗವಿರಲಿಲ್ಲ. ಬಾಗಿಲಲ್ಲೇ ನಿಂತು ನೋಡಿದ. ಆಮೇಲೆ ಹುಡುಗರನ್ನು ಸರಿಸಿ ತಾನೇ ಒಂದು ಆಟ ಆಡಿದ, ಬೇಗ ಸೋತ. ಹ್ಯಾಂಡಲನ್ನು ಬೇಕೆಂದೇ ಜೋರಾಗಿ ನಾಲ್ಕು ಕಡೆ ಎಳೆದು ನೋಡಿದ. ನಾನು ಕಣ್ಣು ಮುಚ್ಚಿದೆ. ಹಲಗೆ ಕಿರ್ ಅಂದಿತು, ಅಷ್ಟೇ.

"ಆತು, ಇರ್ಲಿ ಇದು," ಎಂದ ಮಾವನಿಗೆ. "ಮತ್ತೆ ನನ್ನ ಕಂಪ್ಯೂಟರ್ ಎಲ್ಲಿ ಇಡುದು?"

ಚಾಚಾ ಎದುರಿನ ಗೋಡೆ ತೋರಿಸಿದರು. ಅಲ್ಲಿ ಅವರ ಉದ್ದನೆಯ ಬೆಂಚಿತ್ತು, ಊಟವಾದ ಮೇಲೆ ದಿನವೂ ಅವರು ಕಾಲು ಚಾಚಿ ಮಲಗುವುದು ಅದರ ಮೇಲೆಯೇ. ಅಳಿಯ ಬೆಂಚನ್ನು ನೋಡಿದ, ಮಾವನನ್ನು ನೋಡಿದ, ಎರಡನೆಯ ಸಲ ಕೇಳಲಿಲ್ಲ. ಮುಂದಿನ ವಾರ ನಾನು ನಾಲ್ಕನೆಯ ಬೋಲ್ಟ್ ಹಾಕಲು ಹೋದಾಗ ಆ ಗೋಡೆಗೆ ಮೂರು ಕಂಪ್ಯೂಟರ್ ಕೂತಿದ್ದವು. ಚಾಚಾ ಸ್ಟೂಲಿನ ಮೇಲೆ ಕೂತು, ಮಷಿನ್ನಿನ ಬದಿಗೆ ತಲೆ ಒರಗಿಸಿ ತೂಕಡಿಸುತ್ತಿದ್ದರು.