ನರ್ಸಮ್ಮನ ದಾರಿ ಹೇಳುವ ಡಬ್ಬಿ

ಹೋದ ತಿಂಗಳು ನಮ್ಮ ಯಜಮಾನರು ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದರು. ಪೂಜೆಗೆ ಮುಂಚೆ ಒರೆಸೋಣವೆಂದು ಬಟ್ಟೆ ಹಿಡಿದು ಒಳಗೆ ಕೂತರೆ, ಮುಂದಿನ ಗಾಜಿನ ಮೇಲೆ ಬಳೆಯಷ್ಟು ಅಗಲದ ಒಂದು ದುಂಡು ಕಲೆ. ಎಷ್ಟು ಉಜ್ಜಿದರೂ ಹೋಗಲೊಲ್ಲದು. "ಯಾರೋ ಜಿಪಿಎಸ್ ಡಬ್ಬಿ ಅಂಟಿಸಿದ್ರು ಅನ್ಸುತ್ತೆ, ಬಿಡು. ಈಗೆಲ್ಲ ಫೋನಲ್ಲೇ ದಾರಿ ನೋಡ್ಕೋತಾರೆ" ಎಂದರು ಇವರು. ನನ್ನ ಕೈ ಗಾಜಿನ ಮೇಲೆ ಹಾಗೇ ನಿಂತುಬಿಟ್ಟಿತು. ಬಿಸಿಲಿಗೆ ಕಾದ ರಬ್ಬರಿನ ವಾಸನೆ ಎಲ್ಲಿಂದಲೋ ಮೂಗಿಗೆ ಬಡಿಯಿತು.

ನಾನು ಮದುವೆಯಾಗಿ ದೇವನಹಳ್ಳಿಗೆ ಬಂದಾಗ ನಮ್ಮ ಎದುರು ಮನೆಯಲ್ಲಿ ಅವರಿದ್ದರು. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಬೀದಿಗೆಲ್ಲ ಅವರು ನರ್ಸಮ್ಮ. ನಮ್ಮ ತಾಲ್ಲೂಕಿನದೇ ಚನ್ನರಾಯಪಟ್ಟಣ ಹೋಬಳಿಯ ಹಳ್ಳಿಹಳ್ಳಿಗೂ ಲಸಿಕೆಯ ಡಬ್ಬಿ ಹೆಗಲಿಗೆ ಹಾಕಿಕೊಂಡು ಓಡಾಡಿದ ಹೆಂಗಸು. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ತುಮಕೂರಿನಲ್ಲಿ ಒಬ್ಬ ತಮ್ಮ ಮಾತ್ರ. ಸರ್ವೀಸಿನಲ್ಲಿ ಇರುವಾಗಲೇ ಕಾರು ಕಲಿತು, ಒಂದು ಚಿಕ್ಕ ಕೆಂಪು ಕಾರು ಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿಸುತ್ತಿದ್ದರೆ ನಮ್ಮತ್ತೆ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು. ಹೊಟ್ಟೆಕಿಚ್ಚೋ, ಮೆಚ್ಚುಗೆಯೋ, ಅವರಿಗೇ ಗೊತ್ತಿರಲಿಲ್ಲ.

ಆಮೇಲೆ ಒಂದು ದಿನ, ಸರ್ವೀಸು ಇನ್ನೂ ಬಾಕಿ ಇರುವಾಗಲೇ, ಕೆಲಸ ಬಿಟ್ಟು ಮನೆಗೆ ಬಂದರು. ಯಾಕೆ ಎಂದರೆ, "ಸಾಕಾಯ್ತು ಕಣಮ್ಮ, ಸ್ವಲ್ಪ ಊರೂರು ಸುತ್ತೋಣ ಅಂತ" ಎಂದು ನಕ್ಕರು. ಅದಾದ ಸ್ವಲ್ಪ ದಿನಕ್ಕೇ ಜಿಪಿಎಸ್ ಕೊಳ್ಳಲು ಬೆಂಗಳೂರಿಗೆ ಹೊರಟರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಅಂಗಡಿಯವನು ಪರದೆ, ಮ್ಯಾಪು, ಬ್ಯಾಟರಿ ಅಂತ ಏನೇನೋ ಹೇಳುತ್ತಲೇ ಇದ್ದ. ನರ್ಸಮ್ಮ ಕೇಳಿದ್ದು ಒಂದೇ ಮಾತು.

"ನಾನು ತಪ್ಪು ದಾರಿಗೆ ಹೋದ್ರೆ ಇದು ಏನ್ ಮಾಡುತ್ತೆ?"

"ಏನೂ ಮಾಡಲ್ಲ ಮೇಡಂ. ಅಲ್ಲಿಂದಾನೇ ಮತ್ತೆ ಹೊಸದಾಗಿ ದಾರಿ ಹೇಳುತ್ತೆ."

"ಬೈಯಲ್ಲ ತಾನೆ? ಹಂಗಾದ್ರೆ ಕೊಡಪ್ಪ."

ಅಂಗಡಿಯವನೂ ನಕ್ಕ, ನಾನೂ ನಕ್ಕೆ.

ಅಂಗೈಯಲ್ಲಿ ಹಿಡಿಯುವಷ್ಟು ಡಬ್ಬಿ. ಹಿಂದೆ ಒಂದು ರಬ್ಬರ್ ಬಟ್ಟಲು. ಅದನ್ನು ಬೆರಳಲ್ಲಿ ಸ್ವಲ್ಪ ಒದ್ದೆ ಮಾಡಿ ಗಾಜಿಗೆ ಒತ್ತಿದರೆ ಕಚ್ಚಿಕೊಳ್ಳುತ್ತಿತ್ತು. ವೈರನ್ನು ಸಿಗರೇಟು ಹಚ್ಚುವ ತೂತಿಗೆ ಸಿಕ್ಕಿಸಬೇಕು. ಮರದ ಕೆಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಬಯಲಿಗೆ ಕಾರು ತಂದು ನಿಲ್ಲಿಸಿ, ಅದು ಆಕಾಶದಲ್ಲಿ ತನ್ನ ಉಪಗ್ರಹ ಹುಡುಕಿಕೊಳ್ಳುವವರೆಗೂ ಕೈಕಟ್ಟಿ ಕೂತಿರುತ್ತಿದ್ದರು. ಆಮೇಲೆ ಒಳಗಿನ ಹೆಂಗಸು ಇಂಗ್ಲಿಷಿನಲ್ಲಿ ಶುರು ಮಾಡುತ್ತಿದ್ದಳು. ದೊಡ್ಡಬಳ್ಳಾಪುರ ಎನ್ನಲು ಅವಳು ಪಡುವ ಪಾಡು ಕೇಳಿ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನರ್ಸಮ್ಮ ಮಾತ್ರ ಪ್ರತಿ ತಿರುವಿಗೂ "ಆಯ್ತಮ್ಮ, ಕೇಳಿಸ್ತು" ಎಂದು ಮರ್ಯಾದೆಯಿಂದ ಉತ್ತರ ಕೊಡುತ್ತಿದ್ದರು.

ದೂರದ ಊರಿಗೆ ಸರಿ. ಸಂತೆಗೆ ಹೊರಟರೂ, ಬ್ಯಾಂಕಿಗೆ ಹೊರಟರೂ ಅದು ಗಾಜಿಗೆ ಅಂಟಲೇಬೇಕು. ನಮ್ಮ ಯಜಮಾನರು ಸುಮ್ಮನಿರುವವರೇ? "ಏನ್ ನರ್ಸಮ್ಮ, ಈ ಸೀಮೆನೆಲ್ಲ ಕಾಲಲ್ಲಿ ಅಳೆದೋರು ನೀವು, ಕೊತ್ತಂಬರಿ ತರಕ್ಕೂ ಆಯಮ್ಮನ್ನ ಕೇಳ್ಬೇಕಾ?" ಎಂದು ಕಾಲೆಳೆದರು.

"ಎಲ್ಲೈತಪ್ಪಾ ನಾನು ಅಳೆದಿದ್ದ ಸೀಮೆ? ಗುರುತಿಗಿಟ್ಕೊಂಡಿದ್ದ ಹುಣಸೇಮರ ಕಡಿದ್ರು. ಬಾವಿ ಮುಚ್ಚಿದ್ರು. ನಿನ್ನೆ ಇದ್ದ ದಾರೀಲಿ ಇವತ್ತು ಕಾಂಪೌಂಡು. ನಂಗೆ ಹೆಂಗಪ್ಪ ಗೊತ್ತಾಗ್ಬೇಕು?"

ಆ ಮಾತು ನಿಜವಾಗಿತ್ತು. ಏರ್‌ಪೋರ್ಟು ಬಂದಮೇಲೆ ಇಲ್ಲಿ ದಾರಿ ತಪ್ಪದವರು ಯಾರಿದ್ದರು? ನಮ್ಮ ಮಾವನವರೇ ತಮ್ಮ ಹಳೇ ತೋಟಕ್ಕೆ ಹೋಗಲು ಹೊರಟು, ಲೇಔಟಿನ ಕಲ್ಲುಗಳ ಮಧ್ಯೆ ಸುತ್ತು ಹೊಡೆದು, ಕೊನೆಗೆ ಮನೆಗೆ ವಾಪಸು ಬಂದಿದ್ದರು. ಊರಿಗೆ ಊರೇ ದಾರಿ ತಪ್ಪುತ್ತಿದ್ದಾಗ, ಒಬ್ಬರು ದಾರಿ ತಪ್ಪಿದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಒಂದು ಸಲ ರಾಜಘಟ್ಟದ ಕಡೆ ಹೋಗಿದ್ದಾಗ ಡಬ್ಬಿಯ ಹೆಂಗಸು ಬಲಕ್ಕೆ ತಿರುಗು ಎಂದಳು. ತಿರುಗಿದರೆ ಎದುರಿಗೆ ರಾಗಿ ಹೊಲ! ನರ್ಸಮ್ಮನ ಮುಖ ಅರಳಿಬಿಟ್ಟಿತು. "ನೋಡ್ದಾ, ಇವ್ಳಿಗೂ ಗೊತ್ತಿಲ್ಲ!" ಎಂದು ಸ್ಟೀರಿಂಗಿನ ಮೇಲೆ ಕೈ ತಟ್ಟಿ ತಟ್ಟಿ ನಕ್ಕರು. ಅಷ್ಟೊಂದು ಖುಷಿ ಯಾಕೆಂದು ಆಗ ಹೊಳೆಯಲಿಲ್ಲ...

ಅವತ್ತು ಚನ್ನರಾಯಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ ನಾಮಕರಣ. ನರ್ಸಮ್ಮನ ಕೈಯಲ್ಲೇ ಹುಟ್ಟಿದ್ದ ಹುಡುಗಿ ಈಗ ತಾನೂ ತಾಯಿಯಾಗಿದ್ದಳು. ನಾನೂ ನನ್ನ ಪುಟ್ಟ ಮಗಳನ್ನು ಎತ್ತಿಕೊಂಡು ಹೋಗಿದ್ದೆ. ಹೋಳಿಗೆ ಊಟ ಮುಗಿಸಿ, ಸಂಜೆ ಬಿಸಿಲು ಇರುವಾಗಲೇ ವಾಪಸು ಹೊರಟೆವು. ಮಗು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಮಲಗಿತ್ತು. ದೇವನಹಳ್ಳಿಗೆ ಬಂದು, ಹಳೇ ಬಸ್‌ಸ್ಟ್ಯಾಂಡ್ ದಾಟಿದ್ದೇವೆ. ನಮ್ಮ ಬೀದಿಗೆ ಇನ್ನೇನು ಎರಡು ತಿರುವು ಬಾಕಿ. ಆಗ ಡಬ್ಬಿಯ ಬೆಳಕು ಪಕ್ಕನೆ ಆರಿತು. ನರ್ಸಮ್ಮ ನಡುರಸ್ತೆಯಲ್ಲೇ ಕಾರು ನಿಲ್ಲಿಸಿಬಿಟ್ಟರು.

ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ನರ್ಸಮ್ಮ ಮೆಲ್ಲಗೆ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದರು. ವೈರು ಕಿತ್ತು ಮತ್ತೆ ಸಿಕ್ಕಿಸಿದರು. ಗುಂಡಿ ಒತ್ತಿದರು, ಇನ್ನೊಮ್ಮೆ ಒತ್ತಿದರು, ಒತ್ತುತ್ತಲೇ ಇದ್ದರು. "ಇರ್ಲಿ ಬಿಡಿ ನರ್ಸಮ್ಮ, ಬಂದೇಬಿಟ್ವಲ್ಲ" ಎಂದೆ. ಅವರು ಹಿಂದಕ್ಕೆ ತಿರುಗಿ, ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತಳನ್ನು ಕೇಳುವಂತೆ ಬಹಳ ವಿನಯದಿಂದ ಕೇಳಿದರು:

"ಅಮ್ಮಾ, ನಮ್ಮನೆ ಯಾವ ಕಡೆ?"

ತಮಾಷೆ ಎಂದುಕೊಂಡು ನಾನು ನಕ್ಕುಬಿಟ್ಟೆ. ಆಮೇಲೆ ಅವರ ಮುಖ ನೋಡಿದೆ. ಹಣೆಯೆಲ್ಲ ಬೆವರು, ತುಟಿ ಅದುರುತ್ತಿತ್ತು. ಮಗುವನ್ನು ಬಿಗಿಯಾಗಿ ಅಪ್ಪಿಕೊಂಡು "ಬಲಕ್ಕೆ... ಆಮೇಲೆ ಎಡಕ್ಕೆ" ಎಂದೆ. "ಆಯ್ತಮ್ಮ" ಎಂದರು. ಗೇರು, ಕ್ಲಚ್ಚು, ಎಲ್ಲವೂ ಸರಿಯಾಗಿಯೇ ಇತ್ತು. ಮನೆಯ ಮುಂದೆ ಬಂದಾಗ ಮಾತ್ರ, ಇದೇ ಎಂದು ನಾನು ಬೆರಳು ತೋರಿಸಬೇಕಾಯಿತು.

ಜಗಲಿಯ ಮೇಲೆ ನೀರು ಕುಡಿದಮೇಲೆ ಅವರಿಗೆ ಎಲ್ಲ ನೆನಪಿಗೆ ವಾಪಸು ಬಂತು. ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಕೆಲಸ ಯಾಕೆ ಬಿಟ್ಟೆ ಅಂದ್ಕೊಂಡೆ? ಒಂದು ಮಗೀಗೆ ಇಂಜೆಕ್ಷನ್ ಹಾಕಿ, ಅದೇ ಮಗೀಗೆ ಇನ್ನೊಂದು ಸಲ ಹಾಕಕ್ಕೆ ಹೋಗಿದ್ದೆ ಕಣೇ. 'ಈಗ ತಾನೆ ಹಾಕಿದ್ರಲ್ಲ' ಅಂತ ಅದರವ್ವ ಕೈ ಹಿಡ್ಕೊಂಡ್ಲು. ಅವತ್ತೇ ಬಿಟ್ಬಿಟ್ಟೆ."

ಆಗಿನಿಂದಲೇ ಅವರಿಗೆ ಗೊತ್ತಿತ್ತು! ಡಾಕ್ಟರಿಗೂ ತೋರಿಸಿಕೊಂಡಿದ್ದರು, ಮಾತ್ರೆಯೂ ನುಂಗುತ್ತಿದ್ದರು. ನಾವೆಲ್ಲ ಷೋಕಿ ಎಂದುಕೊಂಡಿದ್ದ ಆ ಡಬ್ಬಿ ಒಂದೇ ಅವರಿಗೆ ಆಸರೆಯಾಗಿತ್ತು.

"ನನ್ ತಮ್ಮಂಗೆ ಹೇಳ್ಬೇಡ" ಎಂದರು. "ಒಳ್ಳೇವ್ನು, ಬಂದು ಕರ್ಕೊಂಡು ಹೋಗ್ತಾನೆ. ಆದ್ರೆ ಇಲ್ಲಿ ನಾನು ದಾರಿ ತಪ್ಪಿ ನಿಂತ್ರೆ, ಯಾರಾದ್ರೂ ಒಬ್ಬರು 'ಏನ್ ನರ್ಸಮ್ಮ, ಇಲ್ಲಿ ನಿಂತಿದ್ದೀರಾ' ಅಂತಾರೆ. ಅಲ್ಲಿ ನಂಗೆ ಯಾರು ಹಂಗಂತಾರೆ ಹೇಳು?"

ಹೇಳುವುದಿಲ್ಲ ಎಂದೆ. ರಾತ್ರಿಯೆಲ್ಲ ಕಣ್ಣು ಮುಚ್ಚಲಿಲ್ಲ. ಬೆಳಗ್ಗೆ ನಾನಿನ್ನೂ ನೀರು ಚಿಮುಕಿಸುತ್ತಿದ್ದೆ, ಅವರೇ ಬಂದು ಕಾರಿನ ಕೀ ನನ್ನ ಅಂಗೈಗೆ ಹಾಕಿದರು. "ತಮ್ಮಂಗೆ ನಾನೇ ಫೋನ್ ಮಾಡ್ದೆ. ದಾರಿ ಮರೆತ್ರೆ ಯಾರಾದ್ರೂ ಹೇಳ್ತಾರೆ. ಬ್ರೇಕ್ ಮರೆತ್ರೆ? ನಿನ್ನೆ ಹಿಂದ್ಗಡೆ ಮಗು ಇತ್ತಲ್ಲೇ... ಅವ್ನು ಬರೋವರ್ಗೂ ಇದು ನಿನ್ನತ್ರ ಇರ್ಲಿ. ನಾನೇ ಕೇಳಿದ್ರೂ ಕೊಡ್ಬೇಡ."

ಮಧ್ಯಾಹ್ನ ಬಂದು ಕೇಳಿದರು. "ನನ್ ಕಾರ್ ಕೀ ಎಲ್ಲಿಟ್ಟೆ ಅಂತಾನೇ ಗೊತ್ತಾಗ್ತಿಲ್ಲ ಕಣಮ್ಮ, ನೀನೇನಾದ್ರೂ ನೋಡಿದ್ಯಾ?" ಇಲ್ಲ ಎಂದೆ. ಕೀ ನನ್ನ ಸೊಂಟದಲ್ಲೇ ಇತ್ತು. ಅವರು ಹೋದಮೇಲೆ ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ತಮ್ಮ ಬಂದು ಕರೆದುಕೊಂಡು ಹೋದರು. ಮುಂದೆ ಒಂದು ಸಲ ತುಮಕೂರಿಗೆ ಹೋಗಿ ನೋಡಿದೆ. ಮನೆಯವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಒಗೆದ ಸೀರೆ, ಬಾಚಿದ ತಲೆ. ತಮ್ಮ ಅಕ್ಕ ಎಂದರು, ಮಕ್ಕಳು ಅತ್ತೆ ಎಂದವು. ಅವರು ಯಾವುದಕ್ಕೂ ತಿರುಗಲಿಲ್ಲ, ಗೋಡೆ ನೋಡುತ್ತ ಕೂತಿದ್ದರು. ನನ್ನ ಮುಖವನ್ನೂ ಒಮ್ಮೆ ನೋಡಿ ಸುಮ್ಮನಾದರು. ತಡೆಯಲಾರದೆ "ನರ್ಸಮ್ಮಾ" ಎಂದೆ.

ಅವರು ದಿಗ್ಗನೆ ಎದ್ದು ನಿಂತರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಬಂದೆ, ಬಂದೆ. ಯಾರ ಮನೇಲಿ?" ಎಂದರು.

ಅವರು ಬಾಗಿಲ ತನಕ ನಡೆದು, ಹೊಸ್ತಿಲ ಮೇಲೆ ನಿಂತು, ಆ ಕಡೆ ಈ ಕಡೆ ನೋಡಿದರು. "ನಮ್ಮನೇಲೇ ನರ್ಸಮ್ಮ, ಈಗ ಎಲ್ಲ ಹುಷಾರಾಗಿದ್ದಾರೆ" ಎಂದು ಕೈ ಹಿಡಿದು ಕರೆತಂದು ಕೂರಿಸಿದೆ. "ಒಳ್ಳೇದಾಯ್ತು" ಎಂದರು. ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಅವರು ತೀರಿಕೊಂಡು ಬಹಳ ಕಾಲವಾಯಿತು. ಎದುರು ಮನೆಯಲ್ಲಿ ಈಗ ಏರ್‌ಪೋರ್ಟಿನಲ್ಲಿ ಕೆಲಸ ಮಾಡುವ ಹುಡುಗರು ಬಾಡಿಗೆಗಿದ್ದಾರೆ. ಆದರೂ ಮೊನ್ನೆ ಹಳ್ಳಿಯ ಹೆಂಗಸೊಬ್ಬಳು ಮದುವೆ ಕಾರ್ಡು, ಅರಿಶಿನ ಕುಂಕುಮ ಹಿಡಿದು ಅದೇ ಮನೆಯ ಗೇಟಿನ ಮುಂದೆ ನಿಂತಿದ್ದಳು, ನಾನು ರಸ್ತೆ ದಾಟಿ ಹೋದೆ. "ನಾನು ಹುಟ್ಟಿದ್ದು ಅವ್ರ ಕೈಯಾಗೇ ಅಂತೆ. ನರ್ಸಮ್ಮನ ಮನೆ ಇದೇ ಅಲ್ವಾ?" ಎಂದಳು. ಇದೇ ಎಂದೆ. ಅವರಿಲ್ಲ ಎಂದು ಹೇಳಲು ಬಾಯಿ ತೆರೆದವಳು ಅವಳ ಕೈ ಹಿಡಿದುಕೊಂಡೆ. ಅವಳು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು, ಮೆಟ್ಟಿಲ ಮೇಲೆ ಕುಸಿದು ಕೂತಳು. ನಾನೂ ಅವಳ ಪಕ್ಕದಲ್ಲಿ ಕೂತೆ.