ಟೇಲರ್ ಮಾವನ ಬಲಗಾಲು

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಜಗಳವಾಡಿ ಬೇರೆ ಮನೆ ಮಾಡಿದಂತೆ ಒಂದು ಕಡೆ ವಾಲಿಕೊಂಡಿತ್ತು. ಹೊಲಿಗೆ ಯಂತ್ರದ ಪೆಡಲ್ ತುಳಿದೂ ತುಳಿದೂ ಅಂಗಾಲು ಹಲಸಿನ ತೊಗಟೆಯಂತಾಗಿತ್ತು. ಆದರೂ ಇಡೀ ನ್ಯಾಮತಿಯಲ್ಲಿ ಅಷ್ಟು ಮರ್ಯಾದೆಯ ಕಾಲು ಇನ್ನೊಂದಿರಲಿಲ್ಲ. ಅದರಿಂದ ಒದೆಸಿಕೊಳ್ಳಲು ಜನ ಬಸ್ಸು ಹತ್ತಿ ಬರುತ್ತಿದ್ದರು.

ಕಾರಣ ಇಷ್ಟೇ. ಅವರು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವರು. ಹಾಗೆ ಹುಟ್ಟಿದವರು ಉಳುಕಿದ ಸೊಂಟಕ್ಕೆ ಮೂರು ಸಲ ಕಾಲು ತಾಗಿಸಿದರೆ ಉಳುಕು ಬಿಟ್ಟುಹೋಗುತ್ತದೆ ಎನ್ನುವುದು ನಮ್ಮ ಕಡೆಯ ನಂಬಿಕೆ. ನಮಗೆ ಅವರು ರಕ್ತಸಂಬಂಧಿಯಲ್ಲ, ಎದುರು ಮನೆಯವರು. ಆದರೆ ನಮಗಷ್ಟೇ ಏಕೆ, ಊರಿಗೆಲ್ಲ ಅವರು ಟೇಲರ್ ಮಾವ.

ಒದೆಯುವುದಕ್ಕೂ ಅವರಲ್ಲಿ ಒಂದು ಕ್ರಮವಿತ್ತು. ಮೊದಲು ಕಾಲು ತೊಳೆಯಬೇಕು. ಆಮೇಲೆ ಬೋರಲು ಮಲಗಿದವರಿಗೆ ಕೈಮುಗಿದು, "ಕಾಲು ತಾಗಿಸ್ತೀನಿ, ತಪ್ಪು ತಿಳಕಬ್ಯಾಡ್ರಿ" ಅನ್ನಬೇಕು. ಮಲಗಿದವರು ಚಿಕ್ಕವರಿರಲಿ, ದೊಡ್ಡವರಿರಲಿ, ಈ ಕೈಮುಗಿಯುವುದು ತಪ್ಪುತ್ತಿರಲಿಲ್ಲ. ಆಮೇಲೆ ಮೂರು ಸಲ, ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ. ಒಮ್ಮೆ ಅವರ ಅತ್ತೆಗೇ ಸೊಂಟ ಹಿಡಿಯಿತು. ಅಳಿಯ ಅತ್ತೆಯನ್ನು ಒದೆಯುವುದನ್ನು ನೋಡಲು ಬೀದಿಗೆ ಬೀದಿಯೇ ನೆರೆಯಿತು. ಟೇಲರ್ ಮಾವ ಜನರ ಕಡೆ ತಿರುಗಿ, "ಇದು ವೈದ್ಯ. ಎಲ್ರೂ ಕಣ್ಣಾರೆ ನೋಡ್ಕೊಳ್ರಿ. ನಾಳೆ ನನ್ ಮ್ಯಾಲೆ ಪಂಚಾಯ್ತಿ ಕೂಡಿಸಬ್ಯಾಡ್ರಿ" ಎಂದರು. ಕೆಳಗಿನಿಂದ ಅತ್ತೆಯ ದನಿ ಬಂತು: "ಹದಿನೆಂಟು ವರ್ಷದ್ದೆಲ್ಲ ಒಂದೇ ಸಲ ತೀರಿಸಬ್ಯಾಡ್ರಿ ಅಳಿಯಂದ್ರೇ!"

ನಾನಾಗ ಊರಿನ ಅಧಿಕೃತ ಅಣಕಿಗ. ಕೂಲಿಯಿಲ್ಲದ ಕೆಲಸ, ಆದರೆ ರಜೆಯೂ ಇಲ್ಲ. ಸೊಸೈಟಿ ಸೆಕ್ರೆಟರಿಯ ಕೆಮ್ಮು, ಹೊನ್ನಾಳಿ ಬಸ್ಸಿನ ಕಂಡಕ್ಟರನ ಸಿಳ್ಳೆ, ನಮ್ಮವ್ವ ನನ್ನನ್ನು ಬೈಯುವ ರಾಗ, ಅದನ್ನು ಕೇಳಿಸಿಕೊಂಡೂ ಎಮ್ಮೆಯಂತೆ ನಿಲ್ಲುವ ನಾನು, ಎಲ್ಲವೂ ನನ್ನ ಗಂಟಿನಲ್ಲಿದ್ದವು. ಟೇಲರ್ ಮಾವನ ಅಂಗಡಿಗೆ ಸೊಂಟ ಹಿಡಿದುಕೊಂಡು ಬರುವವರ ನಡಿಗೆಯಂತೂ ನನಗೆ ಬಿಟ್ಟಿ ಸಿಕ್ಕ ಆಸ್ತಿ. ಮಾವನ ಎದುರಿಗೇ ಮಾಡಿ ತೋರಿಸುತ್ತಿದ್ದೆ. ಅವರು ಸೂಜಿಗೆ ದಾರ ಪೋಣಿಸುತ್ತಾ, "ನಡಿಗೆ ಸರಿ ಐತೆ. ಆದ್ರೆ ಆ ನೋವು ಸುಳ್ಳು" ಅನ್ನುತ್ತಿದ್ದರು. ನನಗೆ ಅವಮಾನವಾಗುತ್ತಿತ್ತು. ಕಲಾವಿದನಿಗೆ ಅನ್ನುವ ಮಾತೇ ಅದು?

ಬಸವಾಪಟ್ಟಣದಲ್ಲಿ ನಮ್ಮ ಬೀದಿಯ ಹುಡುಗಿಯೊಬ್ಬಳ ಮದುವೆ. ಊಟ ಮುಗಿದ ಮೇಲೆ ಬೀಗರು ನನ್ನನ್ನು ಚಪ್ಪರದ ನಡುವೆ ನಿಲ್ಲಿಸಿದರು. ಟೇಲರ್ ಮಾವನೂ ಅಲ್ಲೇ ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ನನಗೆ ಹುರುಪು ಬಂತು. ಅವರನ್ನೇ ಎತ್ತಿಕೊಂಡೆ. ಕಾಲು ತೊಳೆದಂತೆ ಮಾಡಿದೆ, ಕೈಮುಗಿದೆ, "ತಪ್ಪು ತಿಳಕಬ್ಯಾಡ್ರಿ" ಎಂದೆ. ಚಪ್ಪರ ಬಿದ್ದು ಬಿದ್ದು ನಕ್ಕಿತು. ಮಾವನಾದರೆ ಮೆಲ್ಲಗೆ ತಾಗಿಸುತ್ತಿದ್ದರು. ನಾನು ನಗು ಹೆಚ್ಚಿಸಲು ಕಾಲನ್ನು ಎದೆಮಟ್ಟಕ್ಕೆ ಎತ್ತಿ, ಸೊಂಟ ತಿರುಗಿಸಿ, ಬೀಸಿ ಒದ್ದೆ.

ಬೆನ್ನಿನೊಳಗೆ ಯಾರೋ ಬೀಗ ಮುರಿದಂತಾಯಿತು. ಎಡಗಾಲಿನ ಕಿರುಬೆರಳಿನವರೆಗೆ ಬೆಂಕಿ ಇಳಿಯಿತು. "ಅಯ್ಯಯ್ಯೋ, ಸತ್ತೆ!" ಎಂದು ಕಿರುಚಿದೆ. ಜನ ಚಪ್ಪಾಳೆ ತಟ್ಟಿದರು. ನಾನು ಬಾಗಿದೆ, ಚಪ್ಪಾಳೆ ಜೋರಾಯಿತು. ನಿಜವಾಗಿ ಅತ್ತೆ. ಹಿಂದಿನಿಂದ ಬೀಗರು ಕೂಗಿದರು: "ಒನ್ಸ್ ಮೋರ್!"

ಆ ಗದ್ದಲದಲ್ಲಿ ಎಲೆ ಅಡಿಕೆ ಉಗಿದು ಓಡಿ ಬಂದವರು ಟೇಲರ್ ಮಾವ ಒಬ್ಬರೇ. "ಸುಮ್ನಿರ್ರೋ! ಇದು ಆಟ ಅಲ್ಲ" ಎಂದು ಜನರನ್ನು ಸರಿಸಿದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಆಮೇಲೆ ಕೇಳಿದ್ದೆ. "ಆಟ ಕಟ್ಟೋನು ಸೊಂಟ ಹಿಡಕಂತಾನೆ. ನಿಜವಾಗ್ಲೂ ನೋವಿರೋನು ಸೊಂಟ ಬಿಟ್ಟು ಕಂಬ ಹಿಡಕಂತಾನೆ. ನೀನು ಚಪ್ಪರದ ಕಂಬ ಹಿಡದಿದ್ದೆ ನೋಡು" ಎಂದರು.

ಮಾರನೆಯ ದಿನ ನಮ್ಮ ಮನೆಯ ನಡುಮನೆಯಲ್ಲಿ ನಡೆದದ್ದನ್ನು ನೆನೆದರೆ ಈಗಲೂ ನಗು. ನಾನು ನೆಲದ ಮೇಲೆ ಬೋರಲು. ಅವ್ವ ಟೇಲರ್ ಮಾವನಿಗೆ ಕೈಮುಗಿದು, "ಒಂದೇ ಒಂದು ಒದೀರಿ ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದು ಅಳುತ್ತಿದ್ದಾಳೆ. ಬಾಗಿಲಲ್ಲಿ ನಾನು ಅಣಕಿಸಿದವರೆಲ್ಲ ಜಮಾಯಿಸಿದ್ದಾರೆ.

"ಮಾವ ಒಲ್ಲೆ ಅಂದ್ರೆ ನಾನು ಒದೀತೀನವ್ವಾ. ಕಾಲು ಮುಂದಾಗಿ ಹುಟ್ಟಿಲ್ಲ, ಆದ್ರೆ ಮನಸು ಪೂರಾ ಐತೆ" ಎಂದರು ಸೊಸೈಟಿ ಸೆಕ್ರೆಟರಿ. ಹೇಳಿ ಕೆಮ್ಮಿದರು. ಆ ನೋವಿನಲ್ಲೂ ನನ್ನ ಗಂಟಲು ಆ ಕೆಮ್ಮನ್ನು ತಿರುಗಿಸಿ ಕೆಮ್ಮಿತು. ಬೆನ್ನಲ್ಲಿ ಮಿಂಚು ಹೊಡೆಯಿತು.

ಟೇಲರ್ ಮಾವ ಕಾಲು ತೊಳೆಯಲಿಲ್ಲ. ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ನನ್ನ ಎಡಗಾಲಿನ ಹೆಬ್ಬೆರಳ ಮೇಲೆ ತಮ್ಮ ಬೆರಳಿಟ್ಟು, "ಎತ್ತು" ಎಂದರು. ಎತ್ತಿದೆ, ಬಲಗಾಲಿನಷ್ಟು ಬಲವಿರಲಿಲ್ಲ. "ಉಚ್ಚೆ ಸರಿಯಾಗಿ ಹೋಗ್ತೈತೇನು?" ಎಂದರು. "ಇಷ್ಟು ಜನರ ಮುಂದೆ ಮಾಡಿ ತೋರಿಸ್ಲೇನು ಮಾವಾ?" ಎಂದೆ. ಅವರು ನಗಲಿಲ್ಲ. ಎದ್ದು ಅವ್ವನಿಗೆ ಹೇಳಿದರು: "ನಾನು ಕಾಲಿಡಾಕಿಲ್ಲ ತಂಗೀ. ನೋವು ಸೊಂಟದಾಗೇ ಇದ್ರೆ ಅದು ಉಳುಕು. ಕಾಲಿಗೆ ಇಳಿದ್ರೆ ಅದು ಬೇರೆ. ಗೋವಿನಕೋವಿಯ ಒಬ್ಬರಿಗೆ ಹಿಂಗೇ ಕಾಲಿಗೆ ಇಳಿದಿತ್ತು. ಗೊತ್ತಿಲ್ದೆ ತುಳಿದೆ. ಅವತ್ತಿಂದ ಅವರ ಎಡಪಾದ ಎಳೀತೈತೆ. ಅವರ ಪೈಜಾಮದ ಎಡಗಾಲು ಎಡವಬಾರ್ದು ಅಂತ ಅರ್ಧ ಇಂಚು ಗಿಡ್ಡ ಹೊಲೀತೀನಿ. ಅಷ್ಟೇ ನನ್ ಕೈಲಾಗಿದ್ದು."



ಟೇಲರ್ ಮಾವನೇ ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಡಾಕ್ಟರು ಎಕ್ಸ್‌ರೇ ತೆಗೆಸಿ, ನನ್ನ ಕಾಲನ್ನು ನೆಟ್ಟಗೆ ಮೇಲೆತ್ತಿ ನನ್ನಿಂದ ಬೊಬ್ಬೆ ಹೊಡೆಸಿ, ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ ಎಂದರು. "ಆರು ವಾರ ಹಲಗೆ ಮೇಲೆ ಮಲಗಿಸಿ. ಬೆನ್ನಿನ ಸೊಟ್ಟ ಹೋಗಿ ನೆಟ್ಟಗಾದರೆ ಪುಣ್ಯ. ಇಲ್ಲದಿದ್ದರೆ ಆಪರೇಷನ್." ಆಪರೇಷನ್ ಎಂದ ಕೂಡಲೇ ನನ್ನ ಮುಖದಲ್ಲಿದ್ದ ಐವತ್ತು ಮುಖಗಳೂ ಓಡಿಹೋಗಿ ನಂದೊಂದೇ ಉಳಿಯಿತು. ಬೆನ್ನಿಗೆ ಕತ್ತಿ ಹಾಕಿಸಿಕೊಂಡವರು ಮತ್ತೆ ಏಳುವುದಿಲ್ಲವೆಂದು ನಮ್ಮ ಬೀದಿ ಆಗಲೇ ತೀರ್ಮಾನಿಸಿಯಾಗಿತ್ತು.

ನಮ್ಮ ಮನೆಯಲ್ಲಿ ಇದ್ದದ್ದು ತೊಟ್ಟಿಲಿನಂತೆ ಜೋತ ಹಗ್ಗದ ಮಂಚ. ಸಂಜೆಯೊಳಗೆ ಟೇಲರ್ ಮಾವನ ಅಂಗಡಿಯಿಂದ ಬಟ್ಟೆ ಕತ್ತರಿಸುವ ಹಲಗೆ ಬಂತು. ಒಂದೇ ಮರದ್ದು, ಆರಡಿ ಉದ್ದ. ಅದರ ಮೇಲೆ ಒಂದು ದುಪ್ಪಟಿ, ಅದರ ಮೇಲೆ ನಾನು. ಮೊದಲ ದಿನ ಅವರು ದುಪ್ಪಟಿ ಎಳೆದು, ಗುರುತು ಹಾಕುವ ನೀಲಿ ಸೀಮೆಸುಣ್ಣದಿಂದ ನನ್ನ ಸುತ್ತ ಗೆರೆ ಎಳೆದರು. ನನ್ನನ್ನು ಪಕ್ಕಕ್ಕೆ ಹೊರಳಿಸಿ ತೋರಿಸಿದರು. ಹಲಗೆಯ ಮೇಲೊಂದು ಬಾಗಿದ ನುಗ್ಗೆಕಾಯಿ. "ಈ ಅಳತೆಗೆ ಅಂಗಿ ಹೊಲಿದ್ರೆ ನನ್ನ ಅಂಗಡಿ ಮುಚ್ಚಬೇಕು. ನೆಟ್ಟಗಾಗು" ಎಂದರು.

ಸೋಮವಾರ ಸೋಮವಾರ ಹೊಸ ಗೆರೆ. ನಕ್ಕರೆ, ಸೀನಿದರೆ ಪ್ರಾಣ ಹೋಗುತ್ತಿತ್ತು. ಆದ್ದರಿಂದ ನನ್ನ ಗೆಳೆಯರಿಗೆ ಪ್ರವೇಶವಿಲ್ಲ, ನನಗೆ ಅಣಕಿಸಲು ಅಪ್ಪಣೆಯಿಲ್ಲ. ನಗು ಬಾರದಿರಲೆಂದು ಅವರು ದಿನಾ ಮಧ್ಯಾಹ್ನ ಬಂದು ತಮ್ಮ ಅಳತೆ ಪುಸ್ತಕ ಓದುತ್ತಿದ್ದರು, ರೇಡಿಯೋ ವಾರ್ತೆಯವರ ಗಾಂಭೀರ್ಯದಿಂದ.

"ಸೊಸೈಟಿ ಸೆಕ್ರೆಟರಿ. ಸೊಂಟ ನಲವತ್ತೆರಡು. ಹೋದ ವರ್ಷ ಮೂವತ್ತೆಂಟು."

ನಾನು ಹಲ್ಲು ಕಚ್ಚಿದೆ.

"ಉಸಿರು ಒಳಗೆ ಎಳಕೊಂಡಾಗ, ಮೂವತ್ತೊಂಬತ್ತು."

ಪಕ್ಕೆ ಹರಿಯುವಂತೆ ನಗು ಬಂತು, ಜೊತೆಗೆ ಕಣ್ಣೀರೂ ಬಂತು. "ನಗಬ್ಯಾಡೋ! ಇದು ಅಳತೆ!" ಎಂದು ಅವರು ಗದರಿದರು.

ಮೂರನೆಯ ವಾರ ಕಾಲಿನ ಬೆಂಕಿ ಮಂಡಿಯವರೆಗೆ ಹಿಂದೆ ಸರಿಯಿತು. ಡಾಕ್ಟರು ಹೇಳಿಕೊಟ್ಟಂತೆ ಬೋರಲು ಮಲಗಿ, ಮೊಣಕೈ ಊರಿ ಎದೆ ಎತ್ತುವುದು ಶುರುವಾಯಿತು. ಆಮೇಲೆ ಹೊಸಿಲಿನವರೆಗೆ ನಡಿಗೆ, ಆಮೇಲೆ ಅವರ ಅಂಗಡಿಯ ಮೆಟ್ಟಿಲಿನವರೆಗೆ. ಆರನೆಯ ಸೋಮವಾರ ಅವರು ಗೆರೆ ಎಳೆದು ಬಹಳ ಹೊತ್ತು ನೋಡಿದರು. ತಲೆಯಿಂದ ಹಿಮ್ಮಡಿಗೆ ಟೇಪು ಹಿಡಿದರು. "ಹ್ಞೂಂ. ಈಗ ಅಂಗಿ ಹೊಲಿಬೌದು."

ಡಾಕ್ಟರು ಆಪರೇಷನ್ ಬೇಡ ಎಂದರು. ಅವ್ವ ಟೇಲರ್ ಮಾವನ ಕಾಲಿಗೆ ಬೀಳಲು ಹೋದಳು. ಅವರು ಕಾಲು ಹಿಂದೆ ಎಳೆದುಕೊಂಡು, "ಈ ಕಾಲೇನೂ ಮಾಡಲಿಲ್ಲ ತಂಗೀ. ಸುಮ್ನಿತ್ತು, ಅಷ್ಟೇ" ಎಂದರು.

ಹಲಗೆ ಹಿಂತಿರುಗಿಸಲು ಅದನ್ನು ಇಬ್ಬರು ಗೆಳೆಯರ ಹೆಗಲ ಮೇಲೆ ಹೊರಿಸಿಕೊಂಡು ಅವರ ಅಂಗಡಿಗೆ ಹೋದೆ. ಅವರು ನೆಲದ ಮೇಲೆ ಬಟ್ಟೆ ಹರಡಿ, ಬಗ್ಗಿ ಕತ್ತರಿಸುತ್ತಿದ್ದರು. ಆರು ವಾರವೂ ಹಾಗೇ ಕತ್ತರಿಸಿದ್ದರೆಂಬುದು ನನಗೆ ಆಗಷ್ಟೇ ಹೊಳೆಯಿತು. ನನ್ನನ್ನು ನೋಡಿ ಏಳಲು ಹೋದರು. ಕೈ ಸೊಂಟಕ್ಕೆ ಹೋಗಲಿಲ್ಲ. ಗೋಡೆಗೆ ಹೋಯಿತು.

"ಮಾವಾ, ಗೋಡೆ ಹಿಡ್ಕಂಡ್ರಿ" ಎಂದೆ.

"ಗೋಡೆ ನಂದು, ಹಿಡ್ಕಂತೀನಿ. ನಿಂಗೇನು?"

"ನಿಮ್ಮ ಸೊಂಟಕ್ಕೆ ಕಾಲಿಡೋರು ಯಾರು?"

"ಯಾರಾದ್ರೂ ಉಲ್ಟಾ ಹುಟ್ಟಬೇಕು. ಅಲ್ಲಿವರೆಗೂ ಕಾಯ್ತೀನಿ" ಎಂದು ನಕ್ಕರು. ಅವರು ಆಮೇಲೆ ಪೂರ್ತಿ ನೆಟ್ಟಗಾಗಲೇ ಇಲ್ಲ. ತೂಗುಹಾಕಿದ ಅಂಗಿಯ ಒಂದು ತೋಳು ಜಾರಿದಂತೆ ಬಲಕ್ಕೆ ವಾಲಿಕೊಂಡೇ ನಡೆದರು. ಹಲಗೆಯ ಮೇಲೆ ಮಲಗಿ ಎಂದು ನಾನು ದಿನಾ ಪೀಡಿಸಿದರೆ, "ನಾನು ಮಲಗಿದ್ರೆ ಊರಿಗೆ ಬಟ್ಟೆ ನೀನು ಹೊಲೀತೀಯೇನು?" ಎನ್ನುತ್ತಿದ್ದರು.

ಅವರು ಹೋದದ್ದು ಎರಡು ವರ್ಷದ ಹಿಂದೆ, ಮಲಗಿದ್ದಲ್ಲೇ. ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ, ವಿಭೂತಿ ಹಚ್ಚಿ, ಜನ ನೋಡಲು ಇಡುತ್ತಾರೆ. ಟೇಲರ್ ಮಾವ ಕೂರಲೊಲ್ಲರು. ಬಲಕ್ಕೆ ವಾಲುತ್ತಾರೆ. ದಿಂಬು ಕೊಟ್ಟರೆ ದಿಂಬಿನ ಸಮೇತ ವಾಲುತ್ತಾರೆ. ಕೊನೆಗೆ ನಾನು ಅವರ ಹಿಂದೆ ಹೋಗಿ, ಅವರ ಬೆನ್ನಿಗೆ ಬೆನ್ನು ಹಚ್ಚಿ ಕೂತೆ. ಮುಂದೆ ಹೂವಿನ ರಾಶಿ, ಹಿಂದೆ ನಾನು. ಗೋವಿನಕೋವಿಯವರೂ ಬಂದರು, ಅವರ ಪಾದ ನೆಲಕ್ಕೆ ಎಳೆಯುವ ಸದ್ದಿನಿಂದಲೇ ಗೊತ್ತಾಯಿತು. ಮುದಿ ಅತ್ತೆ ಹತ್ತಿರ ಬಂದು, "ನಮ್ಮ ಅಳಿಯಂದ್ರು ಇವತ್ತು ಎಷ್ಟು ನೆಟ್ಟಗೆ ಕೂತಾರೆ!" ಎಂದು ಅತ್ತರು.

ಮಧ್ಯಾಹ್ನ ಅವರನ್ನು ಎತ್ತಿದಾಗ ನನ್ನ ಬೆನ್ನಿಗೆ ಒಮ್ಮೆಲೇ ಗಾಳಿ ತಾಗಿತು. ಏಳಲು ಹೋದೆ. ಸೊಂಟ ಮರಗಟ್ಟಿತ್ತು. ಕೈ ತಾನಾಗಿಯೇ ಗೋಡೆ ಹಿಡಿಯಿತು. ಇಡೀ ಬೀದಿ ನನ್ನನ್ನು ನೋಡುತ್ತಿತ್ತು, ಸೊಸೈಟಿ ಸೆಕ್ರೆಟರಿಯೂ ಸೇರಿದಂತೆ. ಯಾರೂ ಒನ್ಸ್ ಮೋರ್ ಅನ್ನಲಿಲ್ಲ.