ಸಾಲದ ಕಾಗದಕ್ಕೆ ರಾಗ ಕಟ್ಟಿದ ಲೋಲಾ ಪಾನಿಂಗ್

ಲೋಲಾ ಪಾನಿಂಗ್ ಕೈಗೆ ಅಳತೆಪಟ್ಟಿ ಬಂದರೆ ನಮ್ಮ ತಾಗ್ಬುಹಾನ್ ಊರಿನಲ್ಲಿ ಯಾರ ಗುಟ್ಟೂ ಉಳಿಯುವುದಿಲ್ಲ. ಸೊಂಟಕ್ಕೆ ಪಟ್ಟಿ ಸುತ್ತಿ, ಕನ್ನಡಕ ಮೇಲೇರಿಸಿ, ಎದುರು ಸಾಲಿನ ಮೀನಿನಂಗಡಿಗೂ ಕೇಳುವ ಹಾಗೆ “ಮೂವತ್ತೆಂಟೂ!” ಎಂದು ಕೂಗುತ್ತಾರೆ. ಹೊಟ್ಟೆ ಒಳಗೆಳೆದುಕೊಂಡು ನಿಂತವರಿಗಂತೂ “ಉಸಿರು ಬಿಡಪ್ಪಾ, ಮದುವೆ ದಿನ ಪೂರ್ತಿ ಹೀಗೇ ನಿಂತಿರ್ತೀಯಾ?” ಎಂದು ಗದರಿಸಿ ಎರಡನೆಯ ಸಲ ಕೂಗುತ್ತಾರೆ. ಐವತ್ತು ವರ್ಷದ ಹಿಂದೆ ಯಾರೋ ಗಿರಾಕಿ, ತಾನು ದಪ್ಪಗಾದದ್ದನ್ನು ಬಿಟ್ಟು, “ನೀನೇ ಅಳತೆ ತಪ್ಪು ಬರ್ಕೊಂಡೆ” ಎಂದು ಜಗಳ ತೆಗೆದಿದ್ದನಂತೆ. ಅಂದಿನಿಂದ ಅವರದು ಒಂದೇ ಕಟ್ಟಳೆ. ಅಳೆದದ್ದು ಅಳೆಸಿಕೊಂಡವರ ಕಿವಿಗೂ ಬೀಳಬೇಕು, ಸಾಕ್ಷಿಗೆ ಬೀದಿ ಇರಬೇಕು.

ಅವರ ಪೂರ್ತಿ ಹೆಸರು ಎಪಿಫಾನಿಯಾ ದುಮ್ಲಾವೊ; ಲೋಲಾ ಎಂದರೆ ನಮ್ಮಲ್ಲಿ ಅಜ್ಜಿ. ವಯಸ್ಸು ಎಪ್ಪತ್ತೆರಡು. ಶಾಲೆಯ ಸಮವಸ್ತ್ರ, ಮದುವೆಯ ಗೌನು, ಮೇರಿಮಾತೆಯ ಮೂರ್ತಿಗೆ ಉಡಿಸುವ ನೀಲಿ ನಿಲುವಂಗಿ, ಎಲ್ಲವೂ ಅವರ ಹೊಲಿಗೆಯೇ. ಇಸ್ತ್ರಿ ಮಾಡಿದ ಬಟ್ಟೆಗಳನ್ನು ಅವರು ಮನೆ ಮುಂದಿನ ಕೊಳಾಯಿಗೆ ತೂಗುಹಾಕುತ್ತಾರೆ. ಒಂಬತ್ತು ವರ್ಷದ ಹಿಂದೆ ವಿದೇಶಿ ಸಾಲದಲ್ಲಿ ಬೀದಿಬೀದಿಗೂ ನೆಟ್ಟ ಕೊಳಾಯಿಗಳಲ್ಲಿ ಅದೂ ಒಂದು. ಅದರಲ್ಲಿ ಈವರೆಗೆ ಒಂದು ಹನಿ ನೀರು ಬಂದಿಲ್ಲವಾದ್ದರಿಂದ ಬಟ್ಟೆ ಒದ್ದೆಯಾಗುವ ಭಯವಿಲ್ಲ.

ಇಂಥ ಊರಿಗೆ ಕಳೆದ ಫೆಬ್ರವರಿಯಲ್ಲಿ ಮನಿಲಾದಿಂದ ಮಿಸ್ ಓಡೆಟ್ ಬಂದಿಳಿದರು. ಮೂವತ್ತು ವರ್ಷ ಬ್ಯಾಂಕುಗಳ ಲೆಕ್ಕ ತಪಾಸಣೆ ಮಾಡಿ ನಿವೃತ್ತರಾದವರು. ದೇಶದ ಸರ್ಕಾರ ಮಾಡಿರುವ ಸಾಲವನ್ನೆಲ್ಲ ಜನರ ಮುಂದೆ ಬಿಚ್ಚಿಟ್ಟು ತಪಾಸಣೆ ಮಾಡಬೇಕು, ಯಾರು ತಂದರು, ಯಾತಕ್ಕೆ ತಂದರು, ಅದು ಎಲ್ಲಿ ಹೋಯಿತು ಎಂಬುದು ತೀರಿಸುವವರಿಗೆ ತಿಳಿಯಬೇಕು ಎಂದು ಊರೂರು ಸುತ್ತುವ ಸಂಘ ಅವರದು. ನೂರು ಊರುಗಳ ಪುರಸಭೆಗಳು ಹಾಗೆಂದು ಠರಾವು ಮಾಡಿ ಕಳಿಸಿದರೆ ಮೇಲಿನವರು ಕಿವಿಗೊಡಲೇಬೇಕಾಗುತ್ತದೆ ಎಂಬುದು ಅವರ ಲೆಕ್ಕಾಚಾರ. ಮೊದಲ ದಿನ ಲಂಗ ಸಡಿಲ ಮಾಡಿಸಲು ಲೋಲಾ ಪಾನಿಂಗ್ ಹತ್ತಿರ ಹೋದವರು, ಮಾತಿಗೆ ಮಾತು ಬಂದು, ಚೀಲದಿಂದ ನಲವತ್ತೆರಡು ಪುಟದ ಕಾಗದ ತೆಗೆದು ತೋರಿಸಿದರು. ನಮ್ಮ ಕೊಳಾಯಿಗಳ ಸಾಲದ ಒಪ್ಪಂದ, ಅದರ ಜೊತೆಗೇ ಸೇರಿಸಿದ ಕಾಮಗಾರಿ ವರದಿ. ಮೂವತ್ತೊಂದನೆಯ ಪುಟದಲ್ಲಿ ‘ತಾಗ್ಬುಹಾನ್: ಕಾಮಗಾರಿ ಪೂರ್ಣ, ನೀರು ಬರುತ್ತಿದೆ’ ಎಂದು ಬರೆದಿತ್ತು.

ಲೋಲಾ ಪಾನಿಂಗ್ ಕಾಗದವನ್ನೂ ನೋಡಿದರು, ಕೊಳಾಯಿಗೆ ನೇತುಬಿದ್ದಿದ್ದ ಮೂರು ಶಾಲಾ ಅಂಗಿಗಳನ್ನೂ ನೋಡಿದರು.

“ಇದನ್ನ ಯಾರೂ ಜೋರಾಗಿ ಓದ್ಲಿಲ್ವಾ?” ಎಂದರು.

“ಇಲ್ಲ ಲೋಲಾ.”

“ಅದಕ್ಕೇ ಅಳತೆ ತಪ್ಪಿರೋದು.”

ಮಾರನೆಯ ದಿನವೇ ಇಬ್ಬರೂ ಪುರಸಭೆಗೆ ಬಂದರು. ಸಭೆಗೆ ಯಾವ ಕಾಗದ ಇಡಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವವರು ಉಪಮೇಯರ್ ವೆನ್ಸೆಸ್ಲಾವೊ ಅಬ್ರೀಗೊ. ನಾನು ಹತ್ತೊಂಬತ್ತು ವರ್ಷದಿಂದ ಆ ಸಭೆಯ ಕಾರ್ಯದರ್ಶಿ. ಅಬ್ರೀಗೊ ಕೆಟ್ಟವರಲ್ಲ, ತಮ್ಮ ದನಿಯನ್ನು ಸ್ವಲ್ಪ ಹೆಚ್ಚು ಪ್ರೀತಿಸುವವರು, ಅಷ್ಟೆ. ಹಾಡಿನ ಸ್ಪರ್ಧೆಗಳಲ್ಲಿ ಗೆದ್ದ ಹನ್ನೊಂದು ಕಪ್ಪುಗಳು ಅವರ ಕಚೇರಿಯಲ್ಲಿವೆ. ಕಡತ ಇಡಲು ಜಾಗವಿಲ್ಲದೆ ನಾವು ಕಡತಗಳನ್ನು ಆ ಕಪ್ಪುಗಳೊಳಗೇ ಸುತ್ತಿ ಇಡುತ್ತೇವೆ.

“ದೇಶದ ಸಾಲ ಅಂದ್ರೆ ದೊಡ್ಡ ವಿಷಯ ಲೋಲಾ. ನಿಮಗೆ ನಮಗೆ ಅರ್ಥ ಆಗೋದಲ್ಲ,” ಎಂದರು ಅಬ್ರೀಗೊ.

“ನಲವತ್ನಾಲ್ಕಿಂಚು ಸೊಂಟಕ್ಕಿಂತ ದೊಡ್ದಾ?”

ಹೊರಗೆ ಬೆಂಚಿನ ಮೇಲೆ ಕೂತಿದ್ದವರು ನಕ್ಕರು. ಅಬ್ರೀಗೊ ಅವರ ಕಿವಿ ಕೆಂಪಾಯಿತು. ಲೋಲಾ ಬೀದಿಗೆಲ್ಲ ಕೇಳುವಂತೆ ಕೂಗಿದ್ದ ಆ ಸಂಖ್ಯೆ ಎರಡು ಚುನಾವಣೆಗಳಿಂದ ಅವರ ಬೆನ್ನು ಬಿಟ್ಟಿರಲಿಲ್ಲ. ಎದುರಾಳಿಗಳು ಅದನ್ನು ಗೋಡೆಯ ಮೇಲೂ ಬರೆದಿದ್ದರು.

“ಸರಿ,” ಎಂದರು. “ಈಸ್ಟರ್ ಮುಗಿದ ಮೇಲಿನ ಶನಿವಾರದೊಳಗೆ ಊರಿನವರ ಸಾವಿರ ಸಹಿ ತನ್ನಿ. ಠರಾವು ಸಭೆಗೆ ಇಡ್ತೀನಿ. ತರದಿದ್ರೆ, ಲೋಲಾ, ನೀವಿನ್ನು ಯಾರ ಅಳತೇನೂ ಬಾಯಿಬಿಟ್ಟು ಓದಬಾರ್ದು. ಮನಸ್ಸಲ್ಲೇ ಓದ್ಕೊಂಡು ಸುಮ್ನೆ ಬರ್ಕೋಬೇಕು. ಒಪ್ಗೆನಾ?”

ಲೋಲಾ ಪಾನಿಂಗ್ ಅಳತೆಪಟ್ಟಿಯನ್ನು ಒಮ್ಮೆ ಕೈಗೆ ಸುತ್ತಿ ಬಿಚ್ಚಿದರು. “ಒಪ್ಗೆ,” ಎಂದರು. “ಕಾರ್ಯದರ್ಶಿಗಳೇ, ಬರ್ಕೊಳ್ಳಿ.” ನಾನು ಬರೆದುಕೊಂಡೆ.

ಬರೆದುಕೊಳ್ಳುವುದು ಸುಲಭ, ಸಹಿ ಬರುವುದು ಕಷ್ಟ. ಮಿಸ್ ಓಡೆಟ್ ಆ ಒಪ್ಪಂದವನ್ನು ಇಂಗ್ಲಿಷಿನಿಂದ ನಮ್ಮ ತಗಾಲೋಗ್ ಭಾಷೆಗೆ ತಿರುಗಿಸಿ, ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಓದಲು ನಿಂತರು. ಜೊತೆಗೆ ಬಣ್ಣಬಣ್ಣದ ನಕ್ಷೆಗಳು. ಎರಡನೆಯ ಪುಟಕ್ಕೆ ಗಂಡಸರು ಕೋಳಿ ಕಾದಾಟದ ಕಡೆಗೆ ನಡೆದರು. ಐದನೆಯ ಪುಟಕ್ಕೆ ಹೆಂಗಸರಿಗೆ ಮನೆಯಲ್ಲಿ ಅನ್ನಕ್ಕಿಟ್ಟದ್ದು ನೆನಪಾಯಿತು. ಏಳನೆಯದಕ್ಕೆ ನಾಯಿಯೂ ಎದ್ದು ಹೋಯಿತು. ನಾಲ್ಕು ಭಾನುವಾರ ಹೀಗೇ ಆಗಿ, ಮೂವತ್ತೇಳು ಸಹಿ ಬಂದಿತ್ತು. ಅದರಲ್ಲಿ ಆರು ಒಬ್ಬನದೇ. ಅವನು ಅದನ್ನು ಲಾಟರಿ ಎಂದುಕೊಂಡಿದ್ದ.

“ಇವರಿಗೆ ವಿಷಯದ ಗಾಂಭೀರ್ಯ ಗೊತ್ತಾಗ್ತಿಲ್ಲ,” ಎಂದು ಮಿಸ್ ಓಡೆಟ್ ಕಣ್ಣೊರೆಸಿಕೊಂಡರು.

“ಗಾಂಭೀರ್ಯ ಜಾಸ್ತಿ ಆಗಿದೆ ಕಣಮ್ಮ. ಅದೇ ತೊಂದ್ರೆ,” ಎಂದರು ಲೋಲಾ ಪಾನಿಂಗ್.

ಐದನೆಯ ಭಾನುವಾರ ಓದಿ ಓದಿ ಮಿಸ್ ಓಡೆಟ್ ಅವರ ದನಿ ಕೂತುಹೋಯಿತು. ಅದು ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಯೇಸುವಿನ ಯಾತನೆಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಎಡೆಬಿಡದೆ ರಾಗವಾಗಿ ಓದುವ ಪಬಾಸಕ್ಕೆ ಊರಿನ ಮುದುಕಿಯರೆಲ್ಲ ಅಭ್ಯಾಸ ನಡೆಸಿದ್ದರು. ಅವರ ಗುಂಪಿಗೆ ನಾಯಕಿ ಲೋಲಾ ಇಸಿಂಗ್. ಎಂಬತ್ತು ದಾಟಿದವರು, ಅಂಗಳದ ಬೆಂಚಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಮಿಸ್ ಓಡೆಟ್ ನೀರು ಕುಡಿಯಲೆಂದು ಕೈಯಲ್ಲಿದ್ದ ಹಾಳೆಯನ್ನು ಪಕ್ಕದವರ ತೊಡೆಯ ಮೇಲಿಟ್ಟರು. ಆ ತೊಡೆ ಇಸಿಂಗ್ ಅವರದು. ತೊಡೆಯ ಮೇಲೆ ಹಾಳೆ ಬಿತ್ತು ಎಂದರೆ ಸರದಿ ಬಂತು ಎಂದೇ ಅರವತ್ತು ವರ್ಷದ ಅಭ್ಯಾಸ. ಅವರು ದಡಕ್ಕನೆ ಎಚ್ಚೆತ್ತು, ಹಾಳೆಯನ್ನು ಮೂಗಿಗೆ ಹಿಡಿದು, ಪಬಾಸದ ರಾಗದಲ್ಲಿ ಎತ್ತಿಕೊಂಡರು: “ಬಡ್ಡೀಯ ದರವುಊಊ ವರುಷಕ್ಕೇಏಏ...”

ನಗಲು ಯಾರಿಗೂ ಪುರುಸೊತ್ತಾಗಲಿಲ್ಲ. ಆ ರಾಗ ಕಿವಿಗೆ ಬಿದ್ದ ಕೂಡಲೇ ಸುತ್ತಲಿದ್ದ ಹನ್ನೆರಡು ಮುದುಕಿಯರು ತಾವಾಗಿಯೇ ಮುಂದಿನ ಸಾಲು ಎತ್ತಿಕೊಂಡರು. ಗೇಟಿನ ತನಕ ಹೋಗಿದ್ದವರು ನಿಂತರು, ಟೋಪಿ ತೆಗೆದರು, ವಾಪಸ್ಸು ಬಂದು ಕೂತರು. ಪಬಾಸ ಶುರುವಾದ ಮೇಲೆ ನಡುವೆ ಎದ್ದು ಹೋಗುವುದು, ನಡುವೆ ನಿಲ್ಲಿಸುವುದು ನಮ್ಮಲ್ಲಿ ಇಲ್ಲ. ನಿಲ್ಲಿಸಿದವರ ಮನೆಗೆ ವರ್ಷವೆಲ್ಲ ಕೇಡು. ಹಾಗಾಗಿ ಲೋಲಾ ಇಸಿಂಗ್ ಅವರಿಗೆ ತಪ್ಪು ಗೊತ್ತಾದ ಮೇಲೂ ಆ ಹಾಳೆ ಮುಗಿಯುವವರೆಗೆ ಹಾಡಲೇಬೇಕಾಯಿತು.

“ಪಾನಿಂಗ್, ಇದ್ಯಾವ ಸಂತನ ಕಥೇನೇ?” ಎಂದರು ಕೊನೆಗೆ.

“ಸಂತಂದಲ್ಲ ಕಣೇ. ಕೊಳಾಯೀದು.”

“ಪಾಪ, ಅದೂ ಒಣಗಿ ಸತ್ತಿದ್ದೇ ಅಲ್ವಾ,” ಎಂದು ಇಸಿಂಗ್ ಶಿಲುಬೆ ಗುರುತು ಮಾಡಿಕೊಂಡರು.

ಅಂದು ಒಂದೇ ದಿನ ತೊಂಬತ್ತು ಸಹಿ ಬಿತ್ತು.

ಲೋಲಾ ಪಾನಿಂಗ್ ಆಮೇಲೆ ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿ ಕೂತರು. ಪಬಾಸದ ಪದ್ಯಕ್ಕೆ ಐದು ಸಾಲು, ಸಾಲಿಗೆ ಎಂಟು ಅಕ್ಷರ. ನಲವತ್ತೆರಡು ಪುಟವನ್ನೂ ಆ ಅಳತೆಗೆ ಕತ್ತರಿಸಿದರು. ಮಿಸ್ ಓಡೆಟ್ ಪಕ್ಕದಲ್ಲೇ ಕೂತು, ಒಂದು ಅಂಕಿ ಆಚೀಚೆಯಾದರೂ “ಲೋಲಾ, ಅದು ಹಾಗಿಲ್ಲ!” ಎಂದು ಚೀರುತ್ತಿದ್ದರು. “ನಿನ್ನ ಅಂಕಿ ನಾನು ಮುಟ್ಟಲ್ಲ ಕಣಮ್ಮ. ತೋಳು ಮಾತ್ರ ಸ್ವಲ್ಪ ಗಿಡ್ಡ ಮಾಡ್ತೀನಿ.” ಹೀಗೆ ಹುಟ್ಟಿದ ಪದ್ಯಗಳಲ್ಲಿ ಒಂದು:

ನೂರಿಪ್ಪತ್ತು ಕೋಟಿ ಪೇಸೋ
ಕೊಳಾಯಿಗೆಂದು ತಂದರು
ತಾಗ್ಬುಹಾನಿನ ಬೀದಿಗೆ
ನೀರು ಬಂದಿದೆ ಎಂದರು
ಸಹಿ ಹಾಕಿ ಹೊರಟರು

ಪಾದ್ರಿಗಳು ಮೊದಲು ಹುಬ್ಬು ಗಂಟಿಕ್ಕಿದರು. ಪವಿತ್ರ ವಾರದಲ್ಲಿ ಬೇಡ, ಚರ್ಚಿನಲ್ಲಂತೂ ಬೇಡ ಎಂದರು. ಕೊನೆಗೆ ಈಸ್ಟರಿನ ಮೇಲಿನ ಶನಿವಾರ, ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಎಂದು ನಿಶ್ಚಯವಾಯಿತು. ಅಂದರೆ ಗಡುವಿನ ಕೊನೆಯ ದಿನ. ಅಷ್ಟರಲ್ಲಿ ಇದ್ದ ಸಹಿ ಇನ್ನೂರ ಹದಿನಾರು.

ಬೆಳಿಗ್ಗೆ ಆರಕ್ಕೆ ಶುರುವಾಯಿತು. ಒಂದು ಬುಟ್ಟಿಯ ಕಂಬದಡಿ ಶುಂಠಿ ಕಷಾಯ, ಇನ್ನೊಂದರಡಿ ಕೋಳಿ ಗಂಜಿ. ಪಬಾಸಕ್ಕೆ ಬಂದವರು ಹಸಿದು ಹೋಗಬಾರದಲ್ಲ. ಮನೆಗೊಂದರಂತೆ ತಟ್ಟೆಗಳು ಬಂದವು, ತಟ್ಟೆಯ ಹಿಂದೆ ಮನೆಮಂದಿ ಬಂದರು. ಮುದುಕಿಯರ ಸರದಿ ಮುಗಿದ ಮೇಲೆ ಟ್ರೈಸಿಕಲ್ ಚಾಲಕರು ಒಂದು ಪುಟ ಹಾಡಿದರು. ಮೀನಿನವರು ಬಡ್ಡಿಯ ಪುಟವನ್ನೇ ಕೇಳಿ ತೆಗೆದುಕೊಂಡರು. “ಅದರಲ್ಲಿ ನಮಗೆ ಅನುಭವ ಇದೆ” ಎಂದರು. ‘ವಿಳಂಬ ಶುಲ್ಕ’ ಎಂದಾಗಲೆಲ್ಲ ಜನ “ಅಯ್ಯೋ!” ಎನ್ನುವುದು ರೂಢಿಯಾಯಿತು. ಮಿಸ್ ಓಡೆಟ್ ತಾವೇ ತಾಳ ಹಾಕುತ್ತಿದ್ದರು. ಅವರ ನಕ್ಷೆಗಳು ಗಂಜಿ ಪಾತ್ರೆಗೆ ಮುಚ್ಚಳವಾಗಿದ್ದವು.

ಹನ್ನೊಂದಕ್ಕೆ ಅಬ್ರೀಗೊ ಬಂದರು. ಹಿಂದೆ ಒಬ್ಬ ಪೊಲೀಸ್.

“ಲೋಲಾ, ಅಂಗಳಕ್ಕೆ ಅನುಮತಿ ಪತ್ರ ತಗೊಂಡಿದ್ದೀರಾ? ನಿಲ್ಲಿಸಿ ಇದನ್ನ.”

“ನಿಲ್ಸು ಅಂತ ನೀವೇ ಹೇಳಿ. ಪಬಾಸ ನಡೀತಿದೆ. ಕೇಡು ನಿಮ್ಮನೆಗೇ ಬರ್ಲಿ,” ಎಂದರು ಲೋಲಾ ಪಾನಿಂಗ್.

ಅಬ್ರೀಗೊ ಪೊಲೀಸಿನವನ ಕಡೆ ನೋಡಿದರು. ಅವನಾಗಲೇ ಟೋಪಿ ತೆಗೆದು, ಕೈಯಲ್ಲಿ ಗಂಜಿ ಹಿಡಿದು ಕೂತಿದ್ದ.

ಆಗ ಲೋಲಾ ಪಾನಿಂಗ್ ಮೈಕನ್ನು ಒರೆಸಿ ಅವರ ಮುಂದೆ ಹಿಡಿದರು. “ಬಂದಿದ್ದೀರಿ, ಒಂದು ಪುಟ ನೀವೂ ಓದಿ. ಬೆಳಿಗ್ಗೆಯಿಂದ ಒಂದೂ ಒಳ್ಳೆ ಗಂಡು ದನಿ ಇಲ್ಲ, ಕಾಗೆಗಳೇ ಎಲ್ಲ.”

ಅಬ್ರೀಗೊ ಮೈಕನ್ನು ನೋಡಿದರು. ಹೊಸ ಮೈಕು, ಪ್ರತಿಧ್ವನಿ ಬೇರೆ ಇತ್ತು. ಜನ ಆರುನೂರಕ್ಕೆ ಕಡಿಮೆ ಇರಲಿಲ್ಲ. ಹನ್ನೊಂದು ಕಪ್ಪು ಗೆದ್ದ ಮನುಷ್ಯ ಎಷ್ಟು ಹೊತ್ತು ತಡೆದುಕೊಂಡಾನು? “ಒಂದೇ ಪುಟ,” ಎಂದು ಗಂಟಲು ಸರಿಮಾಡಿಕೊಂಡರು.

ಕೊಟ್ಟದ್ದು ಮೂವತ್ತೊಂದನೆಯ ಪುಟ.

ಹಾಡಿದರು ನೋಡಿ! ನಿಜವಾಗಿ ಒಳ್ಳೆಯ ದನಿ. ‘ನೂರಿಪ್ಪತ್ತು ಕೋಟಿ’ಯನ್ನು ಮೇಲಕ್ಕೊಯ್ದು ನಿಲ್ಲಿಸಿದಾಗ ಜನ ಚಪ್ಪಾಳೆ ತಟ್ಟಿದರು. ‘ನೀರು ಬಂದಿದೆ ಎಂದರು’ ಎನ್ನುವಲ್ಲಿ ಅಂಗಳವೆಲ್ಲ ಘೊಳ್ಳೆಂದು ನಕ್ಕಿತು. ಅಬ್ರೀಗೊ ತಮ್ಮ ಗಮಕಕ್ಕೆ ಮೆಚ್ಚಿಗೆ ಎಂದುಕೊಂಡು ಅದನ್ನೇ ಇನ್ನೊಮ್ಮೆ ಹಾಡಿದರು. ಆಮೇಲೆ ಪುಟದ ಕೊನೆಗೆ ಬಂದರು. ‘ಕಾಮಗಾರಿ ಕಣ್ಣಾರೆ ಕಂಡು ಸಹಿ ಮಾಡಿದ ಸ್ಥಳೀಯ ಸಾಕ್ಷಿ’ಯ ಹೆಸರು ಅಲ್ಲಿತ್ತು. ಎಂಟಕ್ಕೆ ಒಂದು ಅಕ್ಷರ ಸಾಲದೆ ಲೋಲಾ ಪಾನಿಂಗ್ ಹೆಸರಿನ ಮುಂದೆ ದೊಡ್ಡ ಮನುಷ್ಯರಿಗೆ ಗೌರವಕ್ಕೆ ಸೇರಿಸುವ ಒಂದು ‘ದೋನ್’ ಹೊಲಿದಿದ್ದರು: ದೋನ್ ವೆನ್ಸೆಸ್ಲಾವೊ ಅಬ್ರೀಗೊ.

‘ದೋನ್’ ಎನ್ನುವಾಗ ಅವರ ಮುಖ ಅರಳಿತ್ತು. ಮುಂದಿನದಕ್ಕೆ ದನಿ ಇಳಿಯಿತು. ಮೈಕಿನ ಪ್ರತಿಧ್ವನಿ ಮಾತ್ರ ಇಳಿಯಲಿಲ್ಲ. “ಅಬ್ರೀಗೊ... ಬ್ರೀಗೊ... ಗೊ...” ಎನ್ನುತ್ತಲೇ ಇತ್ತು. ಅವರು ಹಾಳೆ ಕೆಳಗಿಟ್ಟರು.

“ನಿಲ್ಲಿಸ್ಬೇಡಪ್ಪಾ, ಕೇಡು!” ಎಂದು ಇಸಿಂಗ್ ಕಿರುಚಿದರು.

“ಲೋಲಾ, ಅವತ್ತು ರಿಬ್ಬನ್ ಕತ್ತರಿಸೋಕೆ ಕರೆದ್ರು, ಹೋದೆ. ಒಂದು ಕಾಗದ ಕೊಟ್ರು, ಸಹಿ ಹಾಕ್ದೆ,” ಎಂದರು ಅಬ್ರೀಗೊ ಮೈಕಿನಲ್ಲೇ. “ಓದ್ಲಿಲ್ಲ.”

“ಯಾರೂ ಜೋರಾಗಿ ಓದಿ ಹೇಳಿರ್ಲಿಲ್ಲ ನಿಮಗೆ,” ಎಂದರು ಲೋಲಾ ಪಾನಿಂಗ್. ಅದರಲ್ಲಿ ಕೊಂಕು ಇರಲಿಲ್ಲ. “ಈಗ ಓದಿದ್ರಲ್ಲ. ಮುಂದಿನ ಪುಟ ಹಿಡೀರಿ.”

ಅಬ್ರೀಗೊ ಮುಂದಿನ ಹನ್ನೊಂದು ಪುಟವನ್ನೂ ತಾವೇ ಹಾಡಿದರು. ಬೇರೆಯವರಿಗೆ ಮೈಕು ಬಿಟ್ಟುಕೊಡಲಿಲ್ಲ. ಪಶ್ಚಾತ್ತಾಪವೋ ಹಾಡಿನ ಚಟವೋ ನಾನು ಹೇಳಲಾರೆ. ಉಪಮೇಯರು ಹಾಡುತ್ತಿದ್ದಾರೆಂದು ಪಕ್ಕದ ಬೀದಿಗಳೂ ಖಾಲಿಯಾಗಿ ಅಂಗಳಕ್ಕೆ ಬಂದವು. ಸಂಜೆ ನಾಲ್ಕಕ್ಕೆ ಮುಗಿದಾಗ ಸಹಿಯ ಮೇಜಿನ ಸಾಲು ಗಂಜಿಯ ಸಾಲಿಗಿಂತ ಉದ್ದವಿತ್ತು. ಮಿಸ್ ಓಡೆಟ್ ಮೂರು ಸಲ ಎಣಿಸಿದರು, ಅಭ್ಯಾಸಬಲ. ಸಾವಿರದ ನಾನೂರ ಎಂಟು. ಲಾಟರಿಯವನದು ಈ ಸಲ ಒಂದೇ.

ಮುಂದಿನ ಸೋಮವಾರ ಠರಾವು ಸಭೆಗೆ ಬಂತು. ಅದನ್ನು ಓದಬೇಕಾದವನು ನಾನು. ‘ದೇಶದ ಸಾಲವನ್ನು ಸಾರ್ವಜನಿಕವಾಗಿ ತಪಾಸಣೆ ಮಾಡಬೇಕೆಂದು’ ಎಂಬಲ್ಲಿಗೆ ಬರುವಷ್ಟರಲ್ಲಿ ನಾಲಿಗೆ ತಾನಾಗಿ ಎಳೆಯತೊಡಗಿತು. ಸದಸ್ಯರು ಮುಂದಿನ ಸಾಲು ಎತ್ತಿಕೊಂಡರು. ವಿರೋಧಿಸಬೇಕೆಂದು ಬಂದಿದ್ದ ಒಬ್ಬರೂ ನಡುವೆ ನಿಲ್ಲಿಸಲು ಹೆದರಿ ಕೊನೆಯವರೆಗೆ ಹಾಡಿದರು. ಸರ್ವಾನುಮತ.

ನೂರರಲ್ಲಿ ನಮ್ಮದು ಐವತ್ತೆಂಟನೆಯ ಊರು. ಉಳಿದ ಊರುಗಳಿಗೆ ಮಿಸ್ ಓಡೆಟ್ ಈಗ ನಕ್ಷೆ ಒಯ್ಯುವುದಿಲ್ಲ, ಇಸಿಂಗ್ ಅವರನ್ನು ಒಯ್ಯುತ್ತಾರೆ. ಕೊಳಾಯಿಯಲ್ಲಿ ಇನ್ನೂ ಅಂಗಿಗಳೇ ತೂಗುತ್ತಿವೆ.

ಮೊನ್ನೆ ಅಬ್ರೀಗೊ ಹೊಸ ಪ್ಯಾಂಟಿಗೆ ಅಳತೆ ಕೊಡಲು ಬಂದರು. ಠರಾವಿನ ಪ್ರತಿ ಹಿಡಿದು ಮನಿಲಾಕ್ಕೆ ಹೋಗುವ ತಂಡದಲ್ಲಿ ಅವರೂ ಇದ್ದಾರೆ. ಬಾಗಿಲಲ್ಲೇ ಹೊಟ್ಟೆ ಒಳಗೆಳೆದುಕೊಂಡು, ಬೀದಿಯ ಆ ಕಡೆ ಈ ಕಡೆ ನೋಡಿ, “ಲೋಲಾ, ಸ್ವಲ್ಪ ಮೆಲ್ಲಗೆ...” ಎಂದರು.

“ಸಾವಿರದ ನಾನೂರ ಎಂಟು,” ಎಂದು ಪಂದ್ಯವನ್ನು ನೆನಪಿಸಿದರು ಲೋಲಾ ಪಾನಿಂಗ್. ಪಟ್ಟಿ ಸುತ್ತಿದರು. “ಉಸಿರು ಬಿಡಿ.”

ಅಬ್ರೀಗೊ ಉಸಿರು ಬಿಟ್ಟರು. ಮೀನಿನಂಗಡಿಯವರು ಕತ್ತಿ ನಿಲ್ಲಿಸಿ ಕಿವಿಗೊಟ್ಟರು.

“ನಲವತ್ತಾರೂಊಊ!”

ಬೀದಿಯೆಲ್ಲ ಅದನ್ನು ಪಬಾಸದ ರಾಗದಲ್ಲಿ ಎತ್ತಿಕೊಂಡಿತು. ಎರಡನೆಯ ಸುತ್ತಿಗೆ, ಶ್ರುತಿ ತಪ್ಪುತ್ತಿದೆ ಎಂದು ತಡೆಯಲಾರದೆ, ಅಬ್ರೀಗೊ ಅವರೂ ಸೇರಿಕೊಂಡರು.